ಸರ್ಕಾರದ ಡಬ್ಬಿಗೆ ನನ್ನ ಕಫ

ಹೋದ ತಿಂಗಳು ನಾರಾಯಣಪೇಟೆಯ ಸರ್ಕಾರಿ ದವಾಖಾನೆಯಲ್ಲಿ ನರ್ಸಮ್ಮ ನನ್ನ ಕೈಗೊಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ ಕೊಟ್ಟಳು. ತಿರುಗಿಸಿ ಮುಚ್ಚುವ ಮುಚ್ಚಳ, ಮೈಮೇಲೆ ಹೆಸರು ಬರೆಯಲು ಬಿಳಿ ಚೀಟಿ. ಮುಚ್ಚಳ ತೆಗೆದರೆ ಹೊಸ ಪ್ಲಾಸ್ಟಿಕ್ಕಿನ ವಾಸನೆ. ನನ್ನ ಮಗಳು ಹೆತ್ತು ಎಂಟು ದಿನವಾಗಿತ್ತು, ಕೆಮ್ಮು ಬಿಡುತ್ತಿರಲಿಲ್ಲ. ಹಿಂದೆ ಟಿಬಿ ಆಗಿತ್ತೇನು ಎಂದು ಡಾಕ್ಟರು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಅವಳು ‘ಆಗಿತ್ತ್ರಿ’ ಅಂದುಬಿಟ್ಟಳು. ಹಾಗಾಗಿ ಈ ಡಬ್ಬಿ. ಬೆಳಿಗ್ಗೆ ಎದ್ದ ಕೂಡಲೇ ಅವಳ ಎದೆಯಿಂದ ಬಂದ ಕಫವನ್ನು ಇದರಲ್ಲಿ ಹಿಡಿದು ಕೊಡಬೇಕು. ನಾನು ಡಬ್ಬಿಯನ್ನು ತುದಿಬೆರಳಲ್ಲಿ ಹಿಡಿದು ಮೈಯಿಂದ ದೂರ ಇಟ್ಟುಕೊಂಡೆ.

‘ಯಾಕವ್ವಾ, ಡಬ್ಬಿ ಕಚ್ಚತೈತೇನು?’ ಎಂದು ನರ್ಸಮ್ಮ ನಕ್ಕಳು.

ಕಫ ಕೊಟ್ಟ ದಿನ ಮಧ್ಯಾಹ್ನ ಊಟದ ಹೊತ್ತಿಗೇ ಉತ್ತರ ಬಂತು. ಟಿಬಿ ಇಲ್ಲ, ಬರೀ ನೆಗಡಿ ಕೆಮ್ಮು, ಮಗುವಿಗೆ ಹಾಲು ಕುಡಿಸಬಹುದು. ನನ್ನ ಸಂತೋಷ ಹೇಗೆ ಬರೆಯಲಿ... ಎಷ್ಟೋ ವರ್ಷ ಕಾದು ಕಾದು ಹುಟ್ಟಿದ ಮೊಮ್ಮಗಳು. ಹೆಬ್ಬೆರಳಷ್ಟು ಮುಖ, ಆದರೆ ಅಳುವಾಗ ಇಡೀ ವಾರ್ಡು ಎದ್ದು ಕೂರುತ್ತದೆ. ಪಕ್ಕದ ಮಂಚದವರಿಗೆ, ಕಸ ಹೊಡೆಯುವವಳಿಗೆ, ಬಾಗಿಲಲ್ಲಿ ಕೂತ ವಾಚ್‌ಮನ್‌ಗೆ, ಎಲ್ಲರಿಗೂ ಸಕ್ಕರೆ ಹಂಚಿದೆ. ವಾಚ್‌ಮನ್ ಎರಡು ಸಲ ಕೈ ಚಾಚಿದ, ಎರಡು ಸಲವೂ ಕೊಟ್ಟೆ.

ಇಷ್ಟು ಬೇಗ ಹೇಗೆ ಗೊತ್ತಾಯಿತು ಎಂದು ಅಲ್ಲಿನ ಲ್ಯಾಬಿನವನನ್ನು ಕೇಳಿದೆ. ಆ ರೋಗದ ಹುಳದೊಳಗೆ ಒಂದು ಎಳೆ ಇರುತ್ತದೆ, ಮಷೀನು ಆ ಎಳೆಯನ್ನೇ ಹುಡುಕುತ್ತದೆ, ಇದೆಲ್ಲ ಹೊರದೇಶದಿಂದ ಬಂದ ವಿದ್ಯೆ ಎಂದು ಅವನು ನಿಧಾನವಾಗಿ, ತಿಳಿಯದವಳಿಗೆ ಹೇಳುವ ಹಾಗೆ ಹೇಳಿದ. ನಾನು ತಲೆ ಆಡಿಸಿದೆ. ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಆದರೆ ಈ ಎಳೆಯ ಮಾತನ್ನು ಅವನಿಗಿಂತ ಮೊದಲೇ ಕೇಳಿದ್ದೆ... ನಮ್ಮ ಮನೆಯ ಮುಂದಿನ ಖೋಲಿಯಲ್ಲೇ.

ತೆಲಂಗಾಣ ಬೇಕು ಎಂಬ ಗಲಾಟೆ ಜೋರಾಗಿದ್ದ ವರ್ಷಗಳು ಅವು. ಗದ್ವಾಲದ ಕಡೆಯವರೊಬ್ಬರು ಹೆಂಡತಿಯನ್ನು ಊರಲ್ಲೇ ಬಿಟ್ಟು ಬಂದು ನಮ್ಮ ಮುಂದಿನ ಖೋಲಿಯನ್ನು ಬಾಡಿಗೆಗೆ ಹಿಡಿದರು. ಹೈದರಾಬಾದಿನಲ್ಲಿ ರೋಗ ಪರೀಕ್ಷೆಯ ಔಷಧಿ ತಯಾರಿಸುವಲ್ಲಿ ಕೆಲಸ ಮಾಡಿ ಬಿಟ್ಟು ಬಂದಿದ್ದರು. ಓಣಿಯವರೆಲ್ಲ ಲ್ಯಾಬ್ ಸರ್ ಅನ್ನುತ್ತಿದ್ದೆವು. ಸಣ್ಣ ದೇಹ, ಬೆರಳುಗಳಲ್ಲಿ ಸದಾ ನೀಲಿ ಕಲೆ. ಹಗಲು ಊರವರ ರಕ್ತ, ಮೂತ್ರ ನೋಡಿ ಹೊಟ್ಟೆ ಹೊರೆಯುವುದು. ಉಳಿದ ಹೊತ್ತೆಲ್ಲ ತಮ್ಮದೇ ಒಂದು ಹೊಸ ಪರೀಕ್ಷೆ ಮಾಡುತ್ತ ಕೂರುವುದು.

ನಾನು ಮಗ್ಗದ ಮುಂದೆ ಕೂತು ಕೆಚ್ಚುತ್ತಿದ್ದಾಗ ಒಮ್ಮೆ ಬಂದು ನಿಂತರು. ಸೀರೆ ಮುಗಿಯುತ್ತ ಬಂದಾಗ ಮಗ್ಗಕ್ಕೆ ಉದ್ದಕ್ಕೆ ಬಿಗಿದ ಹಳೆಯ ಹಾಸಿನ ಒಂದೊಂದು ಎಳೆಯ ತುದಿಗೆ ಹೊಸ ಹಾಸಿನ ಎಳೆಯನ್ನು ಬೂದಿ ಹಚ್ಚಿದ ಬೆರಳಿನಿಂದ ಹೊಸೆದು ಕೂಡಿಸುವುದಕ್ಕೆ ನಾವು ಕೆಚ್ಚುವುದು ಅನ್ನುತ್ತೇವೆ. ಕೆಂಪಿಗೆ ಕೆಂಪು, ಅಂಚಿಗೆ ಅಂಚು. ಒಂದು ತಪ್ಪಿದರೆ ಇಡೀ ಸೀರೆ ಹೇಳುತ್ತದೆ.

‘ನಾನೂ ಇದನ್ನ ಮಾಡೋದು ಅಕ್ಕಾರ’ ಅಂದರು. ‘ಟಿಬಿ ಹುಳದ ಎಳಿ ಐತಲ್ಲ, ಅದಕ್ಕ ಸರಿಯಾಗಿ ಕೂಡೋ ಇನ್ನೊಂದು ಎಳಿ ನಾ ತಯಾರ ಮಾಡೀನಿ. ಅದರ ತುದೀಗೆ ಬಣ್ಣ ಕಟ್ಟೀನಿ. ಕಫದಾಗ ಆ ಹುಳ ಇದ್ರ ಕೂಡತೈತಿ, ನೀಲಿ ಲೈಟಿನಾಗ ಹೊಳೀತೈತಿ. ಇಲ್ಲಂದ್ರ ತೊಳದು ಹೋಗತೈತಿ.’

‘ಹೊಳೀತೈತೇನು ಈಗ?’

‘ಹೊಳೀತೈತಿ. ತ್ರಾಸ ಏನಂದ್ರ ಎಲ್ಲಾ ಕಫದಾಗೂ ಹೊಳೀತೈತಿ.’

ನನಗೆ ನಗು ಬಂತು. ಗಂಜಿ ಹೆಚ್ಚಾದ ನೂಲು ಕಂಡ ಕಂಡ ಎಳೆಗೆಲ್ಲ ಅಂಟಿಕೊಳ್ಳುತ್ತದೆ, ಬಿಸಿನೀರಲ್ಲಿ ತೊಳೆದರೆ ಸುಳ್ಳು ಅಂಟು ಬಿಡುತ್ತದೆ, ಗಂಟು ಉಳಿಯುತ್ತದೆ ಅಂದೆ. ಅವರು ನಗಲಿಲ್ಲ. ಎಷ್ಟು ಬಿಸಿ ಎಂದು ಕೇಳಿದರು. ಕೈ ಇಟ್ಟರೆ ಇಡಲೂ ಆಗಬಾರದು, ತೆಗೆಯಲೂ ಆಗಬಾರದು, ಅಷ್ಟು ಅಂದೆ. ಬಿಸಿಯಲ್ಲಿ ತೊಳೆಯಬೇಕೆಂಬುದು ಅವರಿಗೆ ಮೊದಲೇ ಗೊತ್ತಿತ್ತಂತೆ, ಎಷ್ಟು ಬಿಸಿ ಎಂಬುದಕ್ಕೇ ತಿಂಗಳುಗಟ್ಟಲೆ ಒದ್ದಾಡುತ್ತಿದ್ದರಂತೆ. ಕೆಲವು ವಾರ ಕಳೆದ ಮೇಲೆ ನಮ್ಮೆಲ್ಲರನ್ನೂ ಕತ್ತಲು ಮಾಡಿದ ಖೋಲಿಗೆ ಕರೆದು ತೋರಿಸಿದರು. ರೋಗ ಇದ್ದವನ ಗಾಜಿನ ಮೇಲೆ ಮಾತ್ರ ಹಸಿರು ಚುಕ್ಕಿ. ‘ರಾಜ್ಯ ಬರತೈತಿ ಅಕ್ಕಾರ. ಬಂದ ದಿನ ನಮ್ಮ ರಾಜ್ಯದ್ದು ಅಂತ ಒಂದು ಟೆಸ್ಟ್ ಇರ್ಲಿ’ ಅಂದರು.

ಆದರೆ ಅವರ ಮಾತನ್ನು ಮೇಲಿನವರು ನಂಬಬೇಕಲ್ಲ. ಅದಕ್ಕೊಂದು ಕಟ್ಟಳೆ. ನಮ್ಮೂರು, ಸುತ್ತಲಿನ ಊರುಗಳ ಕೆಮ್ಮುವವರು ಎರಡು ಡಬ್ಬಿ ಕೊಡಬೇಕು. ಒಂದು ಲ್ಯಾಬ್ ಸರ್‌ಗೆ, ಅದರ ಮೇಲೆ ಬರೀ ನಂಬರು. ಇನ್ನೊಂದು ಮರುದಿನ ಸರ್ಕಾರದವರಿಗೆ, ಅದರ ಮೇಲೆ ಹೆಸರು, ಅಪ್ಪನ ಹೆಸರು, ಓಣಿ. ಸರ್ಕಾರದ್ದು ಹೈದರಾಬಾದಿಗೆ ಹೋಗಿ, ಅಲ್ಲಿ ಹುಳ ಬೆಳೆಸಿ ನೋಡಿ, ಒಂದೂವರೆ ಎರಡು ತಿಂಗಳಿಗೆ ಉತ್ತರ. ಎರಡೂ ಉತ್ತರ ಕೂಡಿ ಬಂದರೆ ಸರ್ ಗೆದ್ದಂತೆ.

ಆಗ ನನ್ನ ಮಗಳಿಗೆ ಕೆಮ್ಮು. ಮಕ್ತಲದ ಒಂದು ಮನೆಯವರು ನೋಡಿಕೊಂಡು ಹೋಗಿದ್ದರು, ಮಾತು ಅರ್ಧಕ್ಕೆ ಬಂದಿತ್ತು. ಹೆಸರು ಬರೆದ ಡಬ್ಬಿಯಲ್ಲಿ ಟಿಬಿ ಅಂತ ಬಂದರೆ ಆರು ತಿಂಗಳು ಆರೋಗ್ಯದವರು ಮನೆ ಬಾಗಿಲಿಗೆ ಬಂದು ಗುಳಿಗೆ ಕೊಡುತ್ತಾರೆ. ಓಣಿ ನೋಡುತ್ತದೆ, ಮಕ್ತಲಕ್ಕೂ ಮುಟ್ಟುತ್ತದೆ. ಮಗಳ ನಿಜವಾದ ಕಫವನ್ನು ಲ್ಯಾಬ್ ಸರ್‌ಗೆ ಕೊಟ್ಟೆ, ಆ ನಂಬರು ಯಾರದೆಂದೂ ಗುಟ್ಟಾಗಿ ಹೇಳಿದೆ, ನನಗೂ ತಿಳಿಯಬೇಕಿತ್ತಲ್ಲ. ಸರ್ಕಾರದ ಡಬ್ಬಿಗೆ ಮಾತ್ರ ಮಗ್ಗದ ಹಿಂದೆ ನಿಂತು ನಾನೇ ಕ್ಯಾಕರಿಸಿದೆ. ನನ್ನ ಎದೆ ಕಲ್ಲಿನಂಥದು.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ನಳದ ಹತ್ತಿರ ನೀರಿಗೆ ನಿಂತಾಗ ಮದುವೆಗೆ ಬಂದ ಮಕ್ಕಳಿದ್ದ ತಾಯಂದಿರು ಕಣ್ಣಲ್ಲಿ ನೀರು ತಂದುಕೊಂಡರೆ ನನ್ನ ಬಾಯಿ ಸುಮ್ಮನಿರಲಿಲ್ಲ. ‘ಸರ್ಕಾರದ ಡಬ್ಬಿಗೆ ನಿಮ್ಮದ ಹಾಕ್ರೆವ್ವಾ, ಯಾವ ದೇವರು ಬಂದು ನೋಡತಾನ’ ಅಂದೆ. ಜಾಣತನ ಅಂದುಕೊಂಡಿದ್ದೆ. ಆ ಮಾತು ಕೊಡದಿಂದ ಕೊಡಕ್ಕೆ ಹೋಯಿತು.

ಮೂರನೆಯ ದಿನಕ್ಕೆ ಸರ್ ನನ್ನನ್ನು ಒಬ್ಬಳನ್ನೇ ಕರೆದು, ಮಗಳ ಗಾಜು ಹೊಳೆಯುತ್ತಿದೆ ಅಂದರು. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟರು. ಬಸ್ಸು ಬಂದ್ ಆಗಿದ್ದವು. ತಮ್ಮ ಮೋಟಾರ್ ಸೈಕಲ್ಲಿನಲ್ಲಿ ನಮ್ಮಿಬ್ಬರನ್ನೂ ಕೂರಿಸಿಕೊಂಡು, ರಸ್ತೆಗೆ ಅಡ್ಡ ಇಟ್ಟ ಕಲ್ಲು ಟಯರು ತಪ್ಪಿಸಿ ಗದ್ವಾಲದ ಡಾಕ್ಟರ ಹತ್ತಿರ ಕರೆದೊಯ್ದರು. ಎಕ್ಸ್‌ರೇಯಲ್ಲಿ ಬಲಗಡೆ ಬಿಳಿ ಮೋಡ. ಗುಳಿಗೆ ಶುರುವಾದವು. ನೂಲು ಸುತ್ತಿದ ಕಂಡಿಕೆ ಇಡುವ ಪೆಟ್ಟಿಗೆಯಲ್ಲಿ ಬಚ್ಚಿಟ್ಟು ತಿನ್ನಿಸಿದೆ. ಮೂತ್ರ ಕೆಂಪಾಯಿತೆಂದು ಮಗಳು ಹೆದರಿ ಅತ್ತಾಗ, ಗುಳಿಗೆಯ ಬಣ್ಣ ಅದು, ಒಳ್ಳೆಯದೇ ಎಂದು ಸಮಾಧಾನ ಹೇಳಿದವರೂ ಅವರೇ. ಎರಡು ತಿಂಗಳಿಗೆ ಹುಡುಗಿಯ ಕೆನ್ನೆ ತುಂಬಿತು.

ಸರ್ಕಾರದ ಉತ್ತರ ಬಂದಾಗ ಸರ್ ಹೊಳೆಯುತ್ತದೆ ಅಂದ ಹನ್ನೊಂದು ಮಂದಿಯದೂ ಏನೂ ಇಲ್ಲ ಎಂದು ಬಂತು. ಇಲ್ಲದ ರೋಗವನ್ನು ತೋರಿಸುವ ಪರೀಕ್ಷೆ ಎಂದು ಹೆಸರಾಯಿತು. ವಿಚಾರಿಸಲು ಹೈದರಾಬಾದಿನಿಂದ ಇಬ್ಬರು ಬರುವವರಿದ್ದರು. ಅದರ ಹಿಂದಿನ ದಿನ ಸರ್ ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವ ನಮ್ಮ ಕುಣಿಮಗ್ಗದ ಅಂಚಿಗೆ ಬಂದು ಕೂತರು.

‘ಅಕ್ಕಾರ, ನಿಮ್ಮ ಮಗಳ ಎಕ್ಸ್‌ರೇ ನಾನ ಕಣ್ಣಾರೆ ನೋಡೀನಿ. ಸರ್ಕಾರದ ಡಬ್ಬಿ ಯಾರದ್ದು?’

‘ಆಕೀದೇ ಸರ್. ನಮ್ಮ ಲಿಂಗದಾಣಿ’ ಅಂದೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡು ಅಂದೆ.

‘ನೀವೊಬ್ರು ಖರೇ ಹೇಳಿದ್ರ ಸಾಕು, ಉಳದ ಹತ್ತೂ ಮತ್ತ ನೋಡ್ರಿ ಅಂತ ಕೇಳಾಕ ನನಗ ಬಾಯಿ ಬರತೈತಿ. ಇಲ್ಲಂದ್ರ ನಾಳಿಗೆ ಎಲ್ಲಾ ಮುಗೀತೈತಿ.’

‘ಹುಡುಗಿ ಮದುವಿ ಐತಿ ಸರ್...’

ಅವರು ಹಾಸಿನ ಸಡಿಲಾದ ಒಂದು ಎಳೆಯನ್ನು ಬೆರಳಿನಿಂದ ನೇರ ಮಾಡಿದರು. ಏಳುವಾಗ ಒಂದೇ ಮಾತು. ‘ಗುಳಿಗಿ ಮಾತ್ರ ನಡುವ ಬಿಡಿಸಬ್ಯಾಡ್ರಿ.’

ಮರುದಿನ ಬಂದವರು ತೆಲುಗಿನಲ್ಲಿ ಕೇಳಿದರು. ‘ರೆಂಡು ಡಬ್ಬಾಲು ಮೀ ಅಮ್ಮಾಯಿವೇನಾ ಅಮ್ಮಾ?’ ಎರಡೂ ಡಬ್ಬಿ ನಿಮ್ಮ ಹುಡುಗಿಯವೇ ಏನಮ್ಮಾ ಎಂದು. ‘ಅವುನು ಸಾರ್, ರೆಂಡೂ ದಾನಿವೇ’, ಹೌದು, ಎರಡೂ ಅವಳವೇ ಅಂದೆ. ಮನೆಯ ಮಾತಲ್ಲದ ಮಾತಿನಲ್ಲಿ ಸುಳ್ಳು ಹಗುರಾಗಿ ಬರುತ್ತದೋ ಏನೋ, ನಾಲಿಗೆ ತಡವರಿಸಲಿಲ್ಲ. ಲ್ಯಾಬ್ ಸರ್ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಆ ಕಂಡಿಕೆ ಪೆಟ್ಟಿಗೆ ತೆಗೆದು ನೋಡಿ ಎಂದು ಒಂದು ಮಾತು ಅವರು ಅಂದಿದ್ದರೆ ಗುಳಿಗೆಗಳು ಅಲ್ಲೇ ಇದ್ದವು. ಅನ್ನಲಿಲ್ಲ. ಕೊಟ್ಟ ಮಾತು ಅವರು ಉಳಿಸಿಕೊಂಡರು, ಆಣೆ ಇಟ್ಟು ನಾನು ಮುರಿದೆ.

ಅವರ ಪರೀಕ್ಷೆ ಅಲ್ಲಿಗೆ ಮುಗಿಯಿತು. ಊರಲ್ಲಿ ರಕ್ತ ತೋರಿಸಲು ಕೂಡ ಜನ ಬರುವುದು ಬಿಟ್ಟರು. ‘ಇಲ್ಲದ ರೋಗ ಹಚ್ಚಾಂವ’ ಎಂದು ನಳದ ಹತ್ತಿರ ನಕ್ಕವರಲ್ಲಿ ಡಬ್ಬಿ ಬದಲಿಸಿದವರೂ ಇದ್ದರು. ಓಣಿಯ ತುದಿಯ ಮನೆಯವರಂತೂ ತಾವೇ ಬದಲಿಸಿ ಕೊಟ್ಟ ಡಬ್ಬಿಗೆ ಬಂದ ಕಾಗದವನ್ನು ತಾವೇ ನಂಬಿದರು. ಹುಡುಗಿಗೆ ಏನೂ ಇಲ್ಲವಂತೆ ಎಂದು ಔಷಧಿ ಕೊಡಿಸಲಿಲ್ಲ. ಆ ಹುಡುಗಿ... ಅದನ್ನು ಬರೆಯಲಾರೆ.

ನಮ್ಮ ಮಗಳ ನಿಶ್ಚಯಕ್ಕೆ ಲ್ಯಾಬ್ ಸರ್ ಬಂದಿದ್ದರು. ಗಂಡಿನ ಕಡೆಯ ಮಕ್ತಲದವರೂ ಅವರಿಗೆ ಪರಿಚಯದ ಹಾಗೆ ನಮಸ್ಕಾರ ಮಾಡಿದರು. ಒಂದು ಹೋಳಿಗೆ ತಿಂದು, ಇಬ್ಬರೂ ಆರೋಗ್ಯದಿಂದಿರಲಿ ಅಂದು ಎದ್ದು ಹೋದರು. ಎಲ್ಲರೂ ಅನ್ನುವ ಮಾತೇ ಎಂದುಕೊಂಡೆ. ರಾಜ್ಯ ಬಂದ ದಿನ ಚೌಕದಲ್ಲಿ ಡೋಲು, ಗುಲಾಲು, ಮಿಠಾಯಿ. ಅದೇ ದಿನ ಅವರು ಸಾಮಾನನ್ನು ಆಟೋಕ್ಕೆ ಹೇರಿದರು. ಓಡಿ ಬಂದ ಯಾರೋ ಅವರ ಕೆನ್ನೆಗೂ ಗುಲಾಲು ಬಳಿದರು. ಅವರು ಒರೆಸಿಕೊಳ್ಳಲಿಲ್ಲ, ಗಾಜುಗಳಿದ್ದ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು. ನಾನು ಬಾಗಿಲ ಹಿಂದೆ ನಿಂತಿದ್ದೆ.

ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ನನಗೆ ತಡೆಯಲಾಗಲಿಲ್ಲ. ಅಷ್ಟು ವರ್ಷ ಮುಚ್ಚಿಟ್ಟದ್ದನ್ನು ಬೀಗಿತ್ತಿಯ ಮುಂದೆ ಹೇಳಿಬಿಟ್ಟೆ. ಮಗಳಿಗೆ ಟಿಬಿ ಇತ್ತು, ನಿಮಗೆ ಹೆದರಿ ಡಬ್ಬಿ ಬದಲಿಸಿದೆ, ಬೈಯುವುದಿದ್ದರೆ ನನಗೆ ಬೈಯಿರಿ ಅಂದೆ. ಬೀಗಿತ್ತಿ ತೊಟ್ಟಿಲ ಹಗ್ಗ ಬಿಟ್ಟು ನನ್ನನ್ನೇ ನೋಡಿದಳು.

‘ಅಯ್ಯ ಬೀಗತೆವ್ವಾ... ನಾವೂ ಹಂಗ ಮಾಡಿದ್ವಿ. ನಮ್ಮ ಹುಡುಗ ಪುಣೆದಿಂದ ಕೆಮ್ಮಕೋತ ಬಂದಿದ್ದ. ಆ ಲ್ಯಾಬ್ ಸರೇ ಚೀಟಿ ಬರದು ಕೊಟ್ರು, ರಾಯಚೂರಾಗ ಗುಳಿಗಿ ತಿನ್ನಿಸಿದ್ವಿ. ಸರ್ಕಾರದ ಡಬ್ಬಿಗೆ ನನ್ನ ಕಫ. ನಿಮ್ಮೂರಿಂದ ಬಂದ ಉಪಾಯ, ನಮ್ಮ ತಂಗಿ ನಳದಾಗ ಕೇಳಿ ಬಂದಿದ್ಲು.’ ಎಂದು ನಗತೊಡಗಿದಳು. ‘ಇಬ್ಬರೂ ಒಂದ ಗುರುವಿನ ಚೇಲಾಗೋಳು ಬಿಡ್ರಿ.’

ಗುರು ಯಾರೆಂದು ನಾನು ಹೇಳಲಿಲ್ಲ. ನಗುವವರೆಲ್ಲ ನಕ್ಕರು. ಅವಳಿಗೆ ಹೆದರಿ ನಾನು, ನನಗೆ ಹೆದರಿ ಅವಳು... ನಡುವೆ ಎರಡೂ ಮನೆಯ ನಿಜವನ್ನು ಬಾಯೊಳಗೆ ಇಟ್ಟುಕೊಂಡು ಹೋಳಿಗೆ ತಿಂದು ಎದ್ದು ಹೋದವರು ಅವರೊಬ್ಬರೇ.

ಮುಂದಿನ ವಾರ ನಾವಿಬ್ಬರೂ ಸರ್ ಅವರನ್ನು ಹುಡುಕಿಕೊಂಡು ಗದ್ವಾಲಕ್ಕೆ ಹೋದೆವು. ಮನೆ ಹುಡುಕಲು ಕಷ್ಟವಾಗಲಿಲ್ಲ. ಅವರ ಹೆಂಡತಿ ಬಾಗಿಲು ತೆರೆದರು. ಹಣೆ ಬರಿದಾಗಿತ್ತು. ಸರ್ ಎದೆನೋವು ಬಂದು ತೀರಿಹೋಗಿ ನಾಲ್ಕು ವರ್ಷವಾಯಿತಂತೆ. ನಿಂತಲ್ಲೇ ಇದ್ದದ್ದೆಲ್ಲ ಹೇಳಿದೆವು, ಒಬ್ಬರ ಮಾತಿನ ಮೇಲೊಬ್ಬರು. ಆಕೆ ಕೊನೆಯವರೆಗೂ ಕೇಳಿದರು.

‘ಹಂಗಾರ ಟೆಸ್ಟ್ ಸರಿ ಇತ್ತು’ ಅಂದರು.

‘ಸರಿ ಇತ್ತ್ರಿ.’

‘ಹನ್ನೊಂದರಾಗ ಎರಡು ಖರೇ ಅಂತ ಗೊತ್ತೈತಿ, ಉಳದ ಒಂಬತ್ತು ಹ್ಯಾಂಗ ತಪ್ಪಿದ್ವು ಅಂತಿದ್ರು ನಮ್ಮವ್ರು. ಹೋಗೋ ದಿನದ ತನಕಾ ನೀರಿನ ಬಿಸಿ ಹೆಚ್ಚು ಕಡಿಮಿ ಮಾಡಕೋತ ಕುಂತಿದ್ರು. ಆ ಎರಡು ಯಾರು ಅಂತ ನನಗೂ ಹೇಳಲಿಲ್ಲ.’ ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ‘ಈಗ ಇದನ್ನ ನಾ ಯಾರಿಗೆ ಹೇಳ್ಲಿ?’

ನಾವು ಒಯ್ದಿದ್ದ ಮಿಠಾಯಿಯನ್ನು ಮುಟ್ಟಲಿಲ್ಲ. ಮಗುವಿಗೆ ಒಳ್ಳೆಯದಾಗಲಿ ಎಂದು ಹೇಳಿ ಬಾಗಿಲು ಹಾಕಿಕೊಂಡರು. ಕೃಷ್ಣೆ ದಾಟಿ ಮಕ್ತಲ ಮುಟ್ಟುವ ತನಕ ಬಸ್ಸಿನಲ್ಲಿ ಆ ಮಿಠಾಯಿ ಪೊಟ್ಟಣ ನನ್ನ ತೊಡೆಯ ಮೇಲೆಯೇ ಇತ್ತು.

ಮೊಮ್ಮಗಳು ಈಗ ಗುರುತು ಹಿಡಿದು ನಗುತ್ತಾಳೆ. ಎತ್ತಿಕೊಂಡರೆ ನನ್ನ ಮೈಯೆಲ್ಲ ಹಿಗ್ಗುತ್ತದೆ, ಸುಳ್ಳು ಹೇಳಲಾರೆ. ಅವಳ ಅವ್ವನೂ ಅಪ್ಪನೂ ಉಳಿದದ್ದು ಆ ಪರೀಕ್ಷೆ ನಿಜ ಹೇಳಿದ್ದರಿಂದ. ಅದು ನಿಜ ಹೇಳಿತೆಂದು ನಾನೊಂದು ಮಾತು ಹೇಳಬೇಕಾಗಿದ್ದ ದಿನ ಒಂದೇ ಒಂದಿತ್ತು.