ಮುಕ್ತಿಯಾರ್ ಚಾಚಾ ಮಾಡಿದ ಒರಟು ಸಾಮಾನು

ಮುಕ್ತಿಯಾರ್ ಚಾಚಾ ಅವರನ್ನು ನಾನು ಮೊದಲು ನೋಡಿದ್ದು ಎರಡು ವರ್ಷದ ಹಿಂದೆ, ಜುಲೈ ತಿಂಗಳ ಒಂದು ಮಂಗಳವಾರ. ಹೊಂಗನೂರಿನಿಂದ ಬರುವ ಬಸ್ಸು ಅಂದು ತಡವಾಗಿತ್ತು. ಚನ್ನಪಟ್ಟಣದ ಬಸ್ ನಿಲ್ದಾಣದಿಂದ ಅವರ ಬೀದಿಯವರೆಗೆ ಹೆಚ್ಚುಕಡಿಮೆ ಓಡಿಕೊಂಡೇ ಹೋಗಿದ್ದೆ. ಫಿಸಿಯೋಥೆರಪಿ ಓದು ಮುಗಿಸಿ ಒಂದು ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಸೇರಿ ಇನ್ನೂ ಒಂದು ತಿಂಗಳಾಗಿರಲಿಲ್ಲ. ರೋಗಿಯ ಮನೆಗೆ ಹೋಗುವುದು ಅದೇ ಮೊದಲು. ಕೈಯಲ್ಲಿದ್ದ ಚೀಟಿಯಲ್ಲಿ ಇಷ್ಟೇ ಬರೆದಿತ್ತು: ಗಂಡಸು, ಅರವತ್ತೊಂದು ವರ್ಷ, ಲಕ್ವ ಹೊಡೆದು ಮೂರು ತಿಂಗಳು, ಬಲಗೈ.

ಬಾಗಿಲು ತೆರೆದೇ ಇತ್ತು. ಒಳಗೆ ಕಾಲಿಟ್ಟ ಕೂಡಲೇ ಸಿಗುವ ಕೋಣೆಯೇ ಅವರ ಕೆಲಸದ ಜಾಗ. ಮೂಲೆಯಲ್ಲಿ ಮರ ಕಡೆಯುವ ಲೇತ್, ಅದರ ಮೇಲೆ ಹೂವಿನ ಚಿತ್ತಾರದ ಹಳೆಯ ಬೆಡ್‌ಶೀಟು. ತುಪ್ಪದ ಡಬ್ಬದಲ್ಲಿ ನಿಲ್ಲಿಸಿದ ಏಳೆಂಟು ಉಳಿಗಳು. ಗೋಡೆಗೆ ಸೊಂಟದೆತ್ತರದವರೆಗೂ ಕೆಂಪು, ಹಳದಿ, ಹಸಿರು ಚುಕ್ಕೆಗಳು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಸಿಡಿದು ಸಿಡಿದು ನಲವತ್ತು ವರ್ಷದಲ್ಲಿ ಕೂತ ಬಣ್ಣವದು. ಲೇತಿನ ಮೇಲಿನ ಹಲಗೆಯಲ್ಲಿ ಒಂದು ಟಿವಿ, ಅದರ ಪಕ್ಕ ತಂತಿ ಇಳಿಬಿಟ್ಟಿದ್ದ ಒಂದು ಕಪ್ಪು ಪೆಟ್ಟಿಗೆ.

ಅವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಬಲಗೈ ತೊಡೆಯ ಮೇಲೆ ಬೇರೆ ಯಾರದ್ದೋ ಸಾಮಾನಿನಂತೆ ಬಿದ್ದಿತ್ತು. ನನ್ನ ಮುಖ ನೋಡುವ ಮೊದಲು ನನ್ನ ಬ್ಯಾಗು ನೋಡಿದರು.

"ಸೂಜಿ ಐತಾ?"

"ಇಲ್ಲ ಸರ್."

"ಮಾತ್ರೆ?"

"ಇಲ್ಲ ಸರ್."

"ಮತ್ತೆ ಅಷ್ಟು ದೊಡ್ಡ ಬ್ಯಾಗಲ್ಲಿ ಏನೈತೆ, ಹಪ್ಪಳವಾ? ಸರ್ ಗಿರ್ ಅನ್ಬೇಡಮ್ಮ, ಇಸ್ಕೂಲ್ ಮೇಷ್ಟ್ರು ಥರ ಆಯ್ತದೆ. ಚಾಚಾ ಅನ್ನು. ನಿನ್ ಹೆಸ್ರು?"

"ಭಾನುಪ್ರಿಯ."

ನಾನು ಬ್ಯಾಗಿನಿಂದ ಹಳದಿ ಸ್ಪಂಜಿನ ಚೆಂಡು ತೆಗೆದು ಅವರ ಬಲಗೈಯಲ್ಲಿಟ್ಟೆ. ದಿನಕ್ಕೆ ಮೂರು ಸಲ, ಸಲಕ್ಕೆ ಇಪ್ಪತ್ತು ಬಾರಿ ಹಿಸುಕಬೇಕು ಎಂದೆ. ಚಾಚಾ ಚೆಂಡನ್ನು ನೋಡಿದರು, ನನ್ನನ್ನು ನೋಡಿದರು.

"ನಲವತ್ತು ವರ್ಷ ಊರ್ ಮಕ್ಕಳಿಗೆಲ್ಲ ಬುಗುರಿ, ಗಿಲಕಿ ಮಾಡಿದೋನು ನಾನು. ಈಗ ನಂಗೇ ಚೆಂಡು ಕೊಡ್ತೀಯಾ?"

ಚಹಾ ತಂದ ಅವರ ಹೆಂಡತಿ ಮುನ್ನೀ ಚಾಚಿ ಲೋಟ ಇಡುವಾಗ ಲೇತಿನ ಕಡೆ ತಲೆಯಾಡಿಸಿ ಮೆಲ್ಲಗೆ ಹೇಳಿದರು: "ಕೈ ಬರ್ದೇ ಹೋದ್ರೆ ಅದನ್ನ ಮಾರ್ಬುಡ್ತಾರಂತೆ. ಮಂಗಳವಾರಪೇಟೆಯವರೊಬ್ರು ನೋಡ್ಕೊಂಡು ಹೋಗವ್ರೆ."

ಅಂದು ನನ್ನ ಪುಸ್ತಕದಲ್ಲಿ ಬರೆದುಕೊಂಡೆ: ಹೆಬ್ಬೆರಳು ಅಲುಗುವುದಿಲ್ಲ, ಉಳಿ ಹಿಡಿಯಲು ಹೆಬ್ಬೆರಳು ಬೇಕೇ ಬೇಕು.

ಚೆಂಡು ಅಟ್ಟ ಸೇರಿತು. ಮುಂದಿನ ವಾರ ಹೋದಾಗಲೂ ಅಲ್ಲೇ ಇತ್ತು, ಅದರ ಮುಂದಿನ ವಾರವೂ. ನಾನೇ ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮಡಿಸುತ್ತಿದ್ದೆ. ಚಾಚಾ ಅಷ್ಟು ಹೊತ್ತೂ ಗೋಡೆಯ ಬಣ್ಣ ನೋಡುತ್ತ ಕೂರುತ್ತಿದ್ದರು. ಎರಡು ತಿಂಗಳು ಕಳೆದ ಮೇಲೆ ಒಂದು ದಿನ ಅವರ ಹೆಬ್ಬೆರಳು ನನ್ನ ಬೆರಳನ್ನು ತಳ್ಳಿತು. ತಪ್ಪಿ ಆಗಿರಬೇಕು ಎಂದುಕೊಂಡು ಇನ್ನೊಮ್ಮೆ ನೋಡಿದೆ. ಮತ್ತೆ ತಳ್ಳಿತು.

"ಚಾಚಾ, ಚೆಂಡು ಹಿಸುಕ್ತಿದೀರಾ?"

"ಚೆಂಡು ಯಾರ್ ಹಿಸುಕ್ತಾರೆ? ನಾನು ಚೆಂಡು ಎಸೀತೀನಿ. ಇವ್ಳು ಹೊಡೀತಾಳೆ."

ಆಗ ತಿಳಿಯಿತು ಹಲಗೆಯ ಮೇಲಿನ ಕಪ್ಪು ಪೆಟ್ಟಿಗೆಯ ಕಥೆ. ಅದು ವಿಡಿಯೋ ಗೇಮಿನ ಪೆಟ್ಟಿಗೆ. ಚಾಚಾರ ತಂಗಿಯ ಮಗ ಉಜೈರ್ ಬಸ್ ನಿಲ್ದಾಣದ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ. ಅದಕ್ಕೂ ಎರಡು ವರ್ಷ ಮೊದಲು ತನಗೆ ಹೊಸದು ಕೊಂಡಾಗ ಹಳೆಯದನ್ನು ಮಾಮನ ಮನೆಯಲ್ಲಿ ಇಟ್ಟುಹೋಗಿದ್ದ. ಮುನ್ನೀ ಚಾಚಿಗೆ ಅದರ ಕ್ರಿಕೆಟ್ ಆಟದ ರುಚಿ ಹತ್ತಿತ್ತು. ಎದುರಿಗೆ ಆಡುವವರಿಲ್ಲದೆ ಈಗ ಗಂಡನನ್ನು ಕೂರಿಸಿಕೊಂಡಿದ್ದರು. ಆಟದ ಹಿಡಿಯಲ್ಲಿ ಬಲ ಹೆಬ್ಬೆರಳಿನ ಕೆಳಗೆ ಅಣಬೆಯ ಹಾಗೆ ಮೇಲೆದ್ದ ಒಂದು ಪುಟ್ಟ ಕೋಲು ಇರುತ್ತದೆ. ಬೌಲಿಂಗ್ ಮಾಡಬೇಕಾದರೆ ಅದನ್ನು ಬೇಕಾದ ದಿಕ್ಕಿಗೆ ತಳ್ಳಬೇಕು. ನಾನು ಹೇಳಿದ ಇಪ್ಪತ್ತು ಬಾರಿಗೆ ಒಪ್ಪದ ಮನುಷ್ಯ ದಿನಕ್ಕೆ ಮುನ್ನೂರು ಬಾರಿ ತಳ್ಳುತ್ತಿದ್ದರು, ಹೆಂಡತಿಯನ್ನು ಔಟ್ ಮಾಡುವ ಹಟಕ್ಕೆ.

"ಒಂದ್ಸಲ ಔಟ್ ಮಾಡವ್ರಾ ಕೇಳು," ಎಂದರು ಚಾಚಿ.

"ಅಂಪೈರು ಇವ್ಳ ಕಡೆಯೋನು," ಎಂದರು ಚಾಚಾ.

ನಾನು ವ್ಯಾಯಾಮದ ಪಟ್ಟಿಯಲ್ಲಿ ಚೆಂಡು ಎಂಬುದನ್ನು ಹೊಡೆದುಹಾಕಿ, ದಿನಕ್ಕೆ ಒಂದು ಗಂಟೆ ಬೌಲಿಂಗ್ ಎಂದು ಬರೆದೆ. ಕ್ಲಿನಿಕ್ಕಿನ ಡಾಕ್ಟರು ಅದನ್ನು ಓದಿ ಎರಡು ನಿಮಿಷ ನಕ್ಕರು, ಆಮೇಲೆ ಸಹಿ ಹಾಕಿದರು.

ನವೆಂಬರಿನಲ್ಲಿ ಪೆಟ್ಟಿಗೆ ಕೆಟ್ಟಿತು. ಹಚ್ಚಿದ ಐದೇ ನಿಮಿಷಕ್ಕೆ ಕೆಂಡದಂತೆ ಕಾದು, ಟಿವಿ ಕಪ್ಪಾಗಿ, ತಾನಾಗಿ ಆರಿಹೋಗುತ್ತಿತ್ತು. ಉಜೈರ್ ಬಂದು ಪೆಟ್ಟಿಗೆಯ ಹಿಂದೆ ಮುಂದೆ ನೋಡಿ, ಕಿವಿ ಇಟ್ಟು ಕೇಳಿ, "ಬೋರ್ಡ್ ಹೋಗೈತೆ ಮಾಮಾ. ಇನ್ನು ಇದು ಪೇಪರ್ ಮೇಲೆ ಇಡೋಕೆ ಸರಿ, ಗಾಳಿಗೆ ಹಾರಲ್ಲ," ಎಂದುಬಿಟ್ಟ.

ಎರಡು ವಾರ ಆಟ ನಿಂತಿತು. ನನ್ನ ಪುಸ್ತಕದಲ್ಲಿ ಬೆರಳ ಬಲದ ಅಂಕಿ ಕೆಳಗೆ ಇಳಿಯಿತು. ಹೆಬ್ಬೆರಳು ಮೊದಲಿನಷ್ಟು ತಳ್ಳುತ್ತಿರಲಿಲ್ಲ. ಲಕ್ವ ಹೊಡೆದ ಕೈಗೆ ಮೊದಲ ತಿಂಗಳುಗಳೇ ಮುಖ್ಯ, ಚಾಚಾಗೆ ಆಗಲೇ ಏಳು ತಿಂಗಳಾಗಿತ್ತು. ಅಟ್ಟದಿಂದ ಚೆಂಡು ಇಳಿಸಿ ಕೊಟ್ಟೆ, ಅವರು ಮುಟ್ಟಲಿಲ್ಲ. ಒಂದು ಗುರುವಾರ ಹೋದಾಗ ಲೇತಿನ ಬೆಡ್‌ಶೀಟು ತೆಗೆದಿತ್ತು. ಬೆಲ್ಟನ್ನೂ ಬಿಚ್ಚಿ ಗಂಟು ಕಟ್ಟಿ ಪಕ್ಕಕ್ಕಿಟ್ಟಿದ್ದರು.

"ನಾಳೆ ಜುಮ್ಮಾ ನಮಾಜ್ ಆದ್ಮೇಲೆ ಮಂಗಳವಾರಪೇಟೆಯವ್ರು ಬತ್ತಾರೆ," ಎಂದರು ಚಾಚಾ, ನನ್ನ ಕಡೆ ನೋಡದೆ.

ಮಾತು ಬದಲಿಸಲೆಂದು, ಪೆಟ್ಟಿಗೆಯನ್ನು ಇನ್ನೊಮ್ಮೆ ಹಚ್ಚಿ ನೋಡೋಣವೇ ಎಂದೆ. ಚಾಚಿ ಸ್ವಿಚ್ ಒತ್ತಿದರು. ಪೆಟ್ಟಿಗೆ ಕಾಯತೊಡಗಿತು. ಮೂರು ನಿಮಿಷ ಆಗಿರಬಹುದು, ಚಾಚಾ ತಲೆಯೆತ್ತಿ ಮೂಗು ಅರಳಿಸಿದರು.

"ಮುನ್ನೀ, ಅರಗು ಕಾಯಿಸ್ತಿದೀಯಾ?"

"ನಾನ್ಯಾಕೆ ಕಾಯಿಸ್ಲಿ? ಇಲ್ಲೇ ನಿಂತಿದೀನಲ್ಲ."

"ಏಳು ತಿಂಗಳಿಂದ ಲೇತ್ ಓಡಿಲ್ಲ. ಅರಗಿನ ವಾಸ್ನೆ ಎಲ್ಲಿಂದ ಬತ್ತೈತೆ?"

ನನಗೂ ಚಾಚಿಗೂ ಆ ಮನೆ ಯಾವಾಗಲೂ ಹಾಗೇ ವಾಸನೆ ಬರುತ್ತದೆ ಎನ್ನಿಸಿತ್ತು. ಚಾಚಾ ಎದ್ದು, ಗೋಡೆ ಹಿಡಿದು ಹಲಗೆಯ ಹತ್ತಿರ ಹೋಗಿ ಪೆಟ್ಟಿಗೆಯ ಜಾಲರಿಗೆ ಮೂಗು ಹಚ್ಚಿದರು. ತಿರುಗಿದಾಗ ಅವರ ಮುಖದಲ್ಲಿ ನಾನು ಅಷ್ಟು ದಿನ ಕಾಣದ ನಗು.

"ಬೋರ್ಡೂ ಹೋಗಿಲ್ಲ, ಗೀರ್ಡೂ ಹೋಗಿಲ್ಲ. ಇದು ನನ್ ಮಾಲು!"

ತಂತಿ ಕಿತ್ತು ಪೆಟ್ಟಿಗೆಯನ್ನು ನೆಲದ ಮೇಲೆ ತಂದಿಟ್ಟೆವು. ಚಾಚಾ ಬಲಗೈಯಿಂದ ಪೆಟ್ಟಿಗೆ ಅದುಮಿ, ಎಡಗೈಯಿಂದ ಸ್ಕ್ರೂ ತಿರುಗಿಸಿದರು. ಆ ಬಲಗೈಗೆ ನಾನು ಅಂಥ ಕೆಲಸ ಹೇಳಿದ್ದರೆ ಜಗಳವೇ ಆಗುತ್ತಿತ್ತು. ಚಾಚಿ ಸ್ಕ್ರೂಗಳನ್ನು ಊಟದ ತಟ್ಟೆಯಲ್ಲಿ ಸಾಲಾಗಿ ಜೋಡಿಸಿಟ್ಟರು. ಮುಚ್ಚಳ ತೆಗೆದರೆ ಒಳಗೆ ಅಂಗೈಯಗಲದ ಒಂದು ಫ್ಯಾನು. ಅದರ ರೆಕ್ಕೆಗಳ ನಡುವೆ ಚಾಚಾ ಕಡೆಯುವ ಹಾಲೆ ಮರದ ಬಿಳಿ ಹೊಟ್ಟು ಗಟ್ಟಿಯಾಗಿ ಕೂತಿತ್ತು. ನಡುವಿನ ಅಚ್ಚಿನ ಸುತ್ತ ಕೆಂಪು, ಹಳದಿ, ಹಸಿರು ಬಣ್ಣದ ಅಂಟು. ಗೋಡೆಯಂತೆಯೇ ಅದೂ ಬಣ್ಣಬಣ್ಣವಾಗಿತ್ತು.

ಆದದ್ದು ಇಷ್ಟು. ಲಕ್ವ ಹೊಡೆಯುವ ಮೊದಲು ಒಂದು ವರ್ಷಕ್ಕೂ ಹೆಚ್ಚು ಕಾಲ ಆ ಪೆಟ್ಟಿಗೆ ಓಡುವ ಲೇತಿನ ನೆತ್ತಿಯ ಮೇಲೆ ಕೂತಿತ್ತು, ಏಕೆಂದರೆ ಆ ಮನೆಯಲ್ಲಿ ಪ್ಲಗ್ ಇದ್ದದ್ದು ಅಲ್ಲೊಂದೇ ಕಡೆ. ಕೆಳಗೆ ಚಾಚಾ ಕಡೆಯುತ್ತಿದ್ದರು, ಮೇಲಿನ ಟಿವಿಯಲ್ಲಿ ಚಾಚಿ ಆಡುತ್ತಿದ್ದರು, ಪೆಟ್ಟಿಗೆಯ ಫ್ಯಾನು ಅರಗಿನ ಪುಡಿಯನ್ನೆಲ್ಲ ಒಳಗೆ ಎಳೆದುಕೊಳ್ಳುತ್ತಿತ್ತು. ಈಗ ದಿನವೂ ಆಡಿದ ಬಿಸಿಗೆ ಆ ಪುಡಿ ಕರಗಿ ಅಚ್ಚನ್ನು ಹಿಡಿದುಬಿಟ್ಟಿತ್ತು.

"ಒಸಿ ಸ್ಪಿರಿಟ್ ಬೇಕು. ಅರಗು ಬುಡೋದು ಅದಕ್ಕೇ," ಎಂದರು ಚಾಚಾ.

ಸ್ಪಿರಿಟ್ ನನ್ನ ಬ್ಯಾಗಿನಲ್ಲಿತ್ತು, ಹತ್ತಿಯೂ ಇತ್ತು.

"ನೋಡಿದ್ರಾ ಜೀ, ಹಪ್ಪಳ ಅಲ್ವಂತೆ," ಎಂದರು ಚಾಚಿ.

ಒಂದು ಗಂಟೆ ಒರೆಸಿದೆವು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹೊಟ್ಟು ತೆಗೆದೆವು. ಫ್ಯಾನನ್ನು ಬೆರಳಿನಿಂದ ತಟ್ಟಿದರೆ ಬುಗುರಿಯಂತೆ ತಿರುಗಿತು. ಚೆನ್ನಾಗಿ ಒಣಗಲು ಬಿಟ್ಟು, ಮುಚ್ಚಿ, ಹಚ್ಚಿದೆವು. ಐದು ನಿಮಿಷ, ಹತ್ತು ನಿಮಿಷ, ಪೆಟ್ಟಿಗೆ ಆರಲಿಲ್ಲ. ಚಾಚಿ ಸಂತೋಷಕ್ಕೆ ಆಟದ ಹಿಡಿಯನ್ನು ಗಂಡನ ಕೈಗೆ ತುರುಕಿದರು. ಮೊದಲ ಚೆಂಡಿಗೇ ಚಾಚಾ ಎಷ್ಟು ಜೋರಾಗಿ ಹೆಬ್ಬೆರಳು ಒತ್ತಿದರೆಂದರೆ, ಮೊದಲೇ ಬಿರುಕು ಬಿಟ್ಟಿದ್ದ ಆ ಕೋಲಿನ ತಲೆ ಮುರಿದು ನೆಲಕ್ಕೆ ಬಿತ್ತು.

ಉಜೈರ್‌ಗೆ ಫೋನ್ ಮಾಡಿದೆವು. ಹೊಸ ತಲೆ ತರಿಸಲು ಹತ್ತು ದಿನ ಬೇಕು ಎಂದ.

"ಕಡ್ಲೆಕಾಳಷ್ಟು ಸಾಮಾನಿಗೆ ಹತ್ತು ದಿನವಾ? ಅದನ್ನ ಕಡೆಯೋಕೆ ಹತ್ತು ನಿಮಿಷ ಬೇಡ ಕಣ್ಲಾ!" ಎಂದು ಚಾಚಾ ಗದರಿದರು. ಹಾಗೆಂದು ಫೋನ್ ಕೆಳಗಿಟ್ಟರು. ಕಡೆಯುವವರು ಯಾರು ಎಂಬುದು ಅವರಿಗೆ ಆಗ ನೆನಪಾಗಿರಬೇಕು. ನಾವು ಮೂವರೂ ಬಿಚ್ಚಿಟ್ಟ ಬೆಲ್ಟಿನ ಕಡೆ ನೋಡಿದೆವು.

"ಮುನ್ನೀ, ಆ ಬೆಲ್ಟು ತಾ," ಎಂದರು ಚಾಚಾ.

ನನಗೆ ಹೆದರಿಕೆಯಾಯಿತು. ಲೇತಿನ ಸ್ವಿಚ್ಚು ನನ್ನ ಕೈಯಲ್ಲಿರಬೇಕು, ನಾನು ಆರಿಸಿದರೆ ಮಾತಾಡಬಾರದು ಎಂಬ ಷರತ್ತಿನ ಮೇಲೆ ಒಪ್ಪಿದೆ. ಮೊದಲ ತುಂಡಿಗೆ ಉಳಿ ಜಾರಿತು, ನಾನು ಆರಿಸಿದೆ. ಎರಡನೆಯದು ಸೀಳಿತು. ಮೂರನೆಯದಕ್ಕೆ ಬಲಗೈಯನ್ನು ಉಳಿಯ ಹಿಡಿಯ ಮೇಲಿಟ್ಟು ಅದರ ಮೇಲೆ ಎಡಗೈ ಹೊದಿಸಿದರು. ಆದರೆ ದಿಕ್ಕು ತೋರಿಸುತ್ತಿದ್ದುದು ಬಲ ಹೆಬ್ಬೆರಳೇ, ಬೌಲಿಂಗ್ ಮಾಡಿದ ಅದೇ ಹೆಬ್ಬೆರಳು. ಅದೂ ಓರೆಯಾಯಿತು. ನಾಲ್ಕನೆಯದರಿಂದ ಮರದ ಸಿಪ್ಪೆ ದಾರದಂತೆ ಸುರುಳಿ ಸುರುಳಿಯಾಗಿ ಬಂತು. ಚಾಚಿ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ನಿಂತಿದ್ದರು.

ಅಡಿಯಲ್ಲಿ ಸಣ್ಣ ತೂತು ಕೊರೆದು, ಅರಗಿನ ಕಡ್ಡಿ ಒತ್ತಿ ಕೆಂಪು ಬಣ್ಣ ಹಿಡಿಸಿ, ತಾಳೆಗರಿಯಿಂದ ಉಜ್ಜಿ ಉಜ್ಜಿ ಹೊಳಪು ಕೊಟ್ಟರು. ಹುಣಸೆ ಬೀಜದಂತೆ ಮಿನುಗುತ್ತಿತ್ತು. ಮುರಿದ ಜಾಗಕ್ಕೆ ಸಿಕ್ಕಿಸಿ ಆಟ ಶುರು ಮಾಡಿದರೆ, ಹೆಬ್ಬೆರಳು ಅದರ ಮೇಲೆ ನಿಲ್ಲಲೇ ಇಲ್ಲ, ಸರ್ರನೆ ಜಾರಿತು. ಚಾಚಾ ಎಸೆದ ಚೆಂಡು ಆಟದ ಗೆರೆ ದಾಟಿ ಎಲ್ಲಿಗೋ ಹೋಯಿತು. ಚಾಚಿ ಬಿದ್ದು ಬಿದ್ದು ನಕ್ಕರು.

"ವೈಡ್! ಅಂಪೈರು ನನ್ ಕಡೆಯೋನಲ್ಲ ಜೀ, ನಿಮ್ ಸಾಮಾನೇ ನನ್ ಕಡೆ!"

ಚಾಚಾ ಆ ಕೆಂಪು ತಲೆಯನ್ನು ಬಿಚ್ಚಿ ತಿರುಗಿಸಿ ತಿರುಗಿಸಿ ನೋಡಿದರು. ಕೈಗೆ ತಾಗಿದರೆ ಜಾರಬೇಕು, ಮಗು ಬಾಯಿಗಿಟ್ಟರೂ ಚುಚ್ಚಬಾರದು, ಅದೇ ಅವರು ತಮ್ಮ ಉಸ್ತಾದರಿಂದ ಕಲಿತ ಕೆಲಸ. ಅವರ ಸಾಮಾನು ಒರಟಾಗಿದೆ ಎಂದು ಯಾರೂ ಅಂದವರಿಲ್ಲ. ಈಗ ಬೇಕಾದದ್ದು ಒರಟು.

"ಉಸ್ತಾದ್ ಇದ್ದಿದ್ರೆ ಕಿವಿ ಹಿಂಡ್ತಿದ್ರು," ಎಂದು ಗೊಣಗುತ್ತ ಅದನ್ನು ಮತ್ತೆ ಲೇತಿಗೆ ಏರಿಸಿದರು. ಅರಗೆಲ್ಲ ಕೆರೆದು, ಮೇಲ್ಭಾಗದಲ್ಲಿ ಮೂರು ಸುತ್ತು ಗೀರು ಹಾಕಿ, ತಾಳೆಗರಿ ಮುಟ್ಟಿಸದೆ ಹಾಗೇ ಇಳಿಸಿದರು. ಹೆಬ್ಬೆರಳು ಅದರ ಮೇಲೆ ಅಂಟಿದಂತೆ ನಿಂತಿತು. ಎರಡನೆಯ ಓವರಿನಲ್ಲಿ ಮುನ್ನೀ ಚಾಚಿ ಔಟಾದರು. ಅವರು ಅದನ್ನು ಇವತ್ತಿಗೂ ನೋಬಾಲ್ ಎನ್ನುತ್ತಾರೆ.

ಮಾರನೆಯ ದಿನ ನಮಾಜ್ ಮುಗಿದ ಮೇಲೆ ಮಂಗಳವಾರಪೇಟೆಯವರು ಒಂದು ಗೂಡ್ಸ್ ಆಟೋ ತಂದರಂತೆ. ನಾನು ಅಲ್ಲಿರಲಿಲ್ಲ, ಚಾಚಿ ಹೇಳಿದ್ದು ಇದು. ಅವರು ಬಂದಾಗ ಲೇತ್ ಓಡುತ್ತಿತ್ತು. ಆಟದ ಹಿಡಿಯ ಎಡಗಡೆಯ ಕೋಲಿಗೂ ಅಂಥದೇ ಒಂದು ತಲೆ ಮಾಡುವುದರಲ್ಲಿ ಚಾಚಾ ಮುಳುಗಿದ್ದರು.

"ಏನ್ ಸಾಹೇಬ್ರೇ, ಕೊಡ್ತೀನಿ ಅಂದಿದ್ರಿ?"

"ಕೊಡ್ತಿದ್ದೆ. ಇವತ್ತು ಖಾಲಿ ಇಲ್ಲ."

"ಮತ್ಯಾವತ್ತು ಬರ್ಲಿ?"

"ಚಹಾ ಕುಡಿಯೋಕಾದ್ರೆ ದಿನಾ ಬನ್ನಿ."

ಬಂದವರು ಮೊದಲು ಸಿಟ್ಟಾದರಂತೆ. ಆಮೇಲೆ ಚಾಚಾರ ಬಲಗೈ ಉಳಿಯ ಮೇಲಿರುವುದನ್ನು ಕಂಡು, ಚಹಾ ಕುಡಿದು, ಖಾಲಿ ಆಟೋದಲ್ಲೇ ಹಿಂದಿರುಗಿದರಂತೆ.

ಪೆಟ್ಟಿಗೆಗೆ ಈಗ ಒಳಗಿನ ಕೋಣೆಯಲ್ಲಿ ಬೇರೆ ಪ್ಲಗ್ ಹಾಕಿಸಿದ್ದಾರೆ. ಚಾಚಾರ ಬಲಗೈ ಪೂರ್ತಿ ಸರಿಯಾಗಿಲ್ಲ. ಅಂಗಿಯ ಗುಂಡಿಯನ್ನು ಇನ್ನೂ ಎಡಗೈಯಲ್ಲೇ ಹಾಕಿಕೊಳ್ಳುತ್ತಾರೆ, ದೊಡ್ಡ ಬೊಂಬೆಗಳನ್ನು ಕಡೆಯಲಾರರು. ನಾನು ತಿಂಗಳಿಗೊಮ್ಮೆ ಹೋಗಿ ಬೆರಳುಗಳ ಬಲ ಅಳೆದು ಬರುತ್ತೇನೆ.

ಮುಕ್ತಿಯಾರ್ ಚಾಚಾಗೆ ಈಗ ಅರವತ್ತಮೂರು ವರ್ಷ. ಬೆಳಗ್ಗೆ ಎರಡು ಗಂಟೆ ಲೇತಿಗೆ ಕೂತು ಮಣಿ ಮತ್ತು ಬುಗುರಿ ಕಡೆಯುತ್ತಾರೆ. ಉಜೈರನ ಅಂಗಡಿಗೆ ಮುರಿದ ಆಟದ ಹಿಡಿ ಬಂದರೆ, ಅದಕ್ಕೆ ಹಾಲೆ ಮರದ ತಲೆ ಮಾಡಿಕೊಡುತ್ತಾರೆ.