ಟಯರಿಗೆ ಹಚ್ಚಿದ ಕೊಬ್ಬರಿ ಎಣ್ಣೆ

ಕಾರು ರೇಸಿನ ವಿಷಯ ಎತ್ತಿದರೆ ಜನ ವೇಗದ ಬಗ್ಗೆ ಕೇಳುತ್ತಾರೆ. ನನಗೆ ಮೊದಲು ನೆನಪಾಗುವುದು ಮಡಚುವ ಕುರ್ಚಿ. ತೊಡೆಯ ಮೇಲೆ ಚಿತ್ರಾನ್ನದ ಡಬ್ಬಿ, ಕಾಲ ಬಳಿ ಕಾಫಿ ಫ್ಲಾಸ್ಕು, ಕಿವಿಗೆ ಸದ್ದು ತಡೆಯುವ ದೊಡ್ಡ ಹೆಡ್‌ಫೋನು. ಹಾಗೆ ಕೂತು ಕಳೆದ ವಾರಾಂತ್ಯಗಳನ್ನೆಲ್ಲ ಓದಿಗೆ ಹಾಕಿದ್ದರೆ ಇಷ್ಟು ಹೊತ್ತಿಗೆ ಡಾಕ್ಟರೇಟ್ ಮುಗಿಸಿರುತ್ತಿದ್ದೆ. ರೇಸು ಮುಗಿಯಲು ಅರ್ಧ ಗಂಟೆ ಸಾಕು, ಅದಕ್ಕೆ ಕಾಯುವುದು ಮಾತ್ರ ಇಡೀ ದಿನ. ಮಳೆ ಬಿದ್ದರೆ ಟ್ರ್ಯಾಕು ಒಣಗುವ ತನಕ ಕಾಯಬೇಕು. ಯಾರೋ ಗೋಡೆಗೆ ಗುದ್ದಿದರೆ ಚೂರು ಗುಡಿಸುವ ತನಕ ಕಾಯಬೇಕು. ಕಾದೂ ಕಾದೂ ನನ್ನ ಸೊಂಟ ಹಿಡಿದುಕೊಂಡಿತ್ತು.

ಇದು ಎರಡು ಸಾವಿರದ ಹತ್ತರ ನಂತರದ ವರ್ಷಗಳ ಮಾತು. ನಾನು ಮೈಸೂರಿನವಳು, ಗಂಡ ಹುಬ್ಬಳ್ಳಿಯವರು, ಮಗಳು ಸಿಯಾಟಲ್ಲಿನಲ್ಲೇ ಹುಟ್ಟಿದವಳು. ಮನೆ ಆ ನಗರದ ಹೊರಗೆ, ಬೆಟ್ಟದ ಬುಡದ ಸ್ನೊಕ್ವಾಲ್ಮಿಯಲ್ಲಿ. ವಾರವಿಡೀ ನಾನು ಬಸ್ಸು ಹಿಡಿದು ನಗರದೊಳಗೆ ಸೌತ್ ಲೇಕ್ ಯೂನಿಯನ್ನಿನ ಆಫೀಸಿಗೆ ಹೋಗಿ ಬರುತ್ತಿದ್ದೆ. ಇವರು ವಿಮಾನದ ಬಿಡಿಭಾಗ ಮಾಡುವ ಒಂದು ಕಡೆ ಎಂಜಿನಿಯರು. ಮಗಳು ಚಿಕ್ಕವಳಿದ್ದಾಗ ಯಾರದೋ ಬರ್ತ್‌ಡೇ ಪಾರ್ಟಿಗೆ ಹೋಗಿ ಗೋ-ಕಾರ್ಟ್ ಹತ್ತಿದಳು, ಇಳಿಯುವುದಿಲ್ಲವೆಂದು ಹಠ ಹಿಡಿದಳು. ಎತ್ತಿಕೊಂಡು ಬರಬೇಕಾದ ಅಪ್ಪ ಅಲ್ಲೇ ನಿಂತು ಇನ್ನೊಂದು ಟಿಕೆಟ್ ಕೊಂಡರು. ನನ್ನ ಗ್ರಹಚಾರ ಶುರುವಾದದ್ದು ಅಲ್ಲಿಂದ.

ಪರಿಚಯದ ಕನ್ನಡದ ಮನೆಗಳಲ್ಲಿ ಮಕ್ಕಳು ಭರತನಾಟ್ಯ, ಚೆಸ್ಸು, ಗಣಿತ ಅಂತ ಓಡಾಡುತ್ತಿದ್ದರು. ಟೋಟೆಮ್ ಲೇಕಿನ ಒಂದು ಮನೆಯಲ್ಲಿ ಊಟಕ್ಕೆ ಸೇರಿದ್ದಾಗ ಬೆಂಗಳೂರಿನ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ನಿಮ್ಮ ಮಗಳು ರೇಸಿಗೆ ಹೋಗ್ತಾಳಂತಲ್ಲಮ್ಮಾ, ನೀವು ಸ್ವಲ್ಪ ಬುದ್ಧಿ ಹೇಳಬಾರ್ದಾ? ಕುದುರೆ ಚಟ ಹತ್ತಿದ್ರೆ ಬಿಡಲ್ಲ," ಎಂದರು. ಕುದುರೆಯಲ್ಲ, ಕಾರು ಎಂದು ಬಿಡಿಸಿ ಹೇಳಿದೆ. ಅವರ ಮುಖ ಇನ್ನಷ್ಟು ಸಣ್ಣದಾಯಿತು.

ಅವಳು ಓಡಿಸುತ್ತಿದ್ದದ್ದು ಸ್ಟಾಕ್ ಕಾರು. ನೋಡಲು ರಸ್ತೆಯ ಕಾರಿನ ಹಾಗೇ ಇರುತ್ತದೆ, ಒಳಗೆ ಕಬ್ಬಿಣದ ಪಂಜರ, ಒಂದೇ ಸೀಟು. ಮೊಟ್ಟೆಯಾಕಾರದ ಟ್ರ್ಯಾಕಿನಲ್ಲಿ ಎಡಕ್ಕೇ ತಿರುಗುತ್ತ ಸುತ್ತಬೇಕು. ನಮ್ಮ ಸುತ್ತಿನ ಕೆಲವು ರಾಜ್ಯಗಳಿಗೆ ಸೇರಿ ಒಂದು ಸಂಸ್ಥೆ ಇತ್ತು. ಸರ್ಕಸ್ ಕಂಪನಿಯ ಹಾಗೆ ಅದು ಊರಿಂದ ಊರಿಗೆ ಹೋಗಿ ರೇಸು ನಡೆಸುತ್ತಿತ್ತು. ಮುಖ್ಯ ಸರಣಿಯಲ್ಲಿ ದೊಡ್ಡ ಕಾರುಗಳು, ಪಳಗಿದ ಚಾಲಕರು. ಅದರ ಕೆಳಗೆ, ಹದಿಹರೆಯದವರು ಕಲಿಯಲೆಂದು ಡೆವಲಪ್‌ಮೆಂಟ್ ಸೀರೀಸು. ವರ್ಷದ ಕೊನೆಗೆ ಇದರಲ್ಲಿ ಎಲ್ಲರಿಗಿಂತ ಹೆಚ್ಚು ಪಾಯಿಂಟ್ ಪಡೆದವರಿಗೆ, ಒಬ್ಬರಿಗೇ ಒಬ್ಬರಿಗೆ, ಮುಂದಿನ ವರ್ಷ ಮುಖ್ಯ ಸರಣಿಯಲ್ಲಿ ಸಂಸ್ಥೆಯೇ ಕಾರು ಕೊಟ್ಟು ಓಡಿಸುತ್ತಿತ್ತು. ಉಳಿದವರು ಸ್ವಂತ ಖರ್ಚಿನಲ್ಲಿ ಮೇಲೆ ಹೋಗಬೇಕು. ಆ ಖರ್ಚು ಸಂಬಳದವರ ಕೈಗೆಟುಕುವಂಥದ್ದಲ್ಲ. ಹಾಗಾಗಿ ಆ ಒಂದು ಜಾಗ ಸಿಕ್ಕಿದರೆ ನನ್ನ ಮಗಳು ಮೇಲೆ ಹೋದಳು, ಇಲ್ಲದಿದ್ದರೆ ಇಲ್ಲ. ಅವಳಿಗೆ ಹದಿನಾರು. ಅವಳ ತಲೆಯಲ್ಲಿ ಬೇರೆ ಯಾವುದೂ ಇರಲಿಲ್ಲ.

ಈ ಸೀರೀಸಿನಲ್ಲಿ ಒಂದು ಪದ್ಧತಿ ಇತ್ತು. ಕಾರಿನ ವಿಷಯದಲ್ಲಿ ಅಧಿಕಾರಿಗಳ ಮುಂದೆ ಮಾತಾಡಬೇಕಾದದ್ದು ಓಡಿಸುವ ಮಕ್ಕಳೇ, ಅಪ್ಪ ಅಮ್ಮಂದಿರು ತುಟಿ ಬಿಚ್ಚುವ ಹಾಗಿಲ್ಲ. ಕಾರನ್ನು ಯಾರೇ ರಿಪೇರಿ ಮಾಡಿರಲಿ, ಅದರಲ್ಲಿ ಏನೇ ಸಿಗಲಿ, ಜವಾಬ್ದಾರಿ ಚಾಲಕರದು. ಮೇಲಿನ ಸರಣಿಗೆ ಹೋದಾಗ ಯಾರೂ ಕೈ ಹಿಡಿದು ನಡೆಸುವುದಿಲ್ಲ, ಇಲ್ಲೇ ಕಲಿಯಲಿ ಎಂದು ಹಾಗೆ ಮಾಡಿದ್ದರು. ತಪಾಸಣೆಯ ಮುಖ್ಯಸ್ಥೆ ವಾರದ ದಿನಗಳಲ್ಲಿ ಶಾಲೆಯ ಬಸ್ಸು ಓಡಿಸುವ ಹೆಂಗಸು. ದೊಡ್ಡ ದೇಹ, ಸಣ್ಣ ದನಿ. ಯಾರಾದರೂ ಅಪ್ಪ ಮಧ್ಯೆ ಬಾಯಿ ಹಾಕಿದರೆ ಅಂಗೈ ಎತ್ತಿ ತೋರಿಸಿದರಾಯಿತು, ಅವನು ಅಲ್ಲೇ ತಣ್ಣಗಾಗುತ್ತಿದ್ದ. ನಮ್ಮವರನ್ನು ಹಾಗೆ ಸುಮ್ಮನಿರಿಸುವ ವಿದ್ಯೆಯನ್ನು ಆಕೆಯಿಂದ ಕಲಿತುಕೊಳ್ಳಬೇಕೆಂದು ನನಗೆ ಎಷ್ಟೋ ಸಲ ಅನಿಸಿದ್ದುಂಟು.

ನಮ್ಮ ಕಾರಿನ ರಿಪೇರಿಯೆಲ್ಲ ನಮ್ಮವರದೇ, ಸಂಸ್ಥೆಯ ನಿಯಮಗಳೂ ಅವರಿಗೆ ಕಂಠಪಾಠ. ಊಟಕ್ಕೆ ಕೂತಾಗಲೂ ಅದೇ ಪಾರಾಯಣ. "ಟಯರಿಗೆ ಯಾವುದೂ, ಯಾವುದಂದ್ರ ಯಾವುದೂ ಹಚ್ಚಂಗಿಲ್ಲ. ತಿಳೀತಿಲ್ಲೋ, ಯವ್ವಾ?" ಎಂದು ಮಗಳಿಗೆ ಹೇಳುತ್ತಿದ್ದರು. ಕೆಲವರು ಟಯರಿಗೆ ರಾಸಾಯನಿಕ ಸವರಿ ರಬ್ಬರ್ ಮೆತ್ತಗೆ ಮಾಡುತ್ತಿದ್ದರಂತೆ, ಮೆತ್ತಗಿದ್ದರೆ ಕಾರು ರಸ್ತೆಯನ್ನು ಕಚ್ಚಿ ಹಿಡಿಯುತ್ತದಂತೆ. ಆ ಮೋಸ ತಡೆಯಲು ಸಂಸ್ಥೆಯವರು ಟಯರುಗಳಿಗೆ ತಾವೇ ಗುರುತು ಹಾಕಿ ಕೊಡುತ್ತಿದ್ದರು. ಅವನ್ನೇ ಜೋಪಾನವಾಗಿ ಇಟ್ಟುಕೊಂಡು ಓಡಿಸಬೇಕು. ಮಗಳು ತಟ್ಟೆಯಿಂದ ತಲೆ ಎತ್ತದೆ, "ಐ ನೋ, ಅಪ್ಪ," ಎನ್ನುತ್ತಿದ್ದಳು.

ಆ ವರ್ಷ ಅವಳು ಚೆನ್ನಾಗಿ ಓಡಿಸಿದಳು. ನನಗೆ ಮಾತ್ರ ಸಾಕು ಸಾಕಾಗಿತ್ತು. ಶುಕ್ರವಾರ ಸಂಜೆ ಆಫೀಸಿನಿಂದ ಬಂದು ಟ್ರಕ್ಕು ಹತ್ತುವುದು, ಯಾವುದೋ ಊರಿನ ಮೋಟೆಲ್ಲಿನಲ್ಲಿ ರೈಸ್ ಕುಕ್ಕರ್ ಇಟ್ಟು ಅನ್ನ ಮಾಡುವುದು, ಪೆಟ್ರೋಲು ವಾಸನೆಯ ಬಟ್ಟೆ ಭಾನುವಾರ ಒಗೆಯುವುದು, ಸೋಮವಾರ ಮತ್ತೆ ಬಸ್ಸು. ಬೆಳಿಗ್ಗೆ ದೇವರ ಮುಂದೆ ನಿಂತಾಗ ಮಗಳು ಗೆಲ್ಲಲಿ ಎಂದು ಕೇಳಿಕೊಳ್ಳುತ್ತಿದ್ದೆನೋ, ಇದೆಲ್ಲ ಮುಗಿಯಲಿ ಎಂದು ಕೇಳಿಕೊಳ್ಳುತ್ತಿದ್ದೆನೋ ನನಗೇ ಗೊತ್ತಾಗುತ್ತಿರಲಿಲ್ಲ.

ಕೊನೆಯ ರೇಸು ಬೆಟ್ಟದ ಆಚೆ, ಸೇಬಿನ ತೋಟಗಳ ಸೀಮೆಯಲ್ಲಿ, ಭಾನುವಾರ ಮಧ್ಯಾಹ್ನ ಇತ್ತು. ಪಾಯಿಂಟಿನಲ್ಲಿ ಮಗಳೇ ಮುಂದಿದ್ದಳು. ಅವಳ ಬೆನ್ನಿಗೇ ಅಂಟಿಕೊಂಡಂತೆ ಇನ್ನೊಬ್ಬಳು ಹುಡುಗಿ ಇದ್ದಳು. ಈ ರೇಸಿನಲ್ಲಿ ಮೊದಲನೆಯದೋ ಎರಡನೆಯದೋ ಸ್ಥಾನ ಬಂದರೆ ಜಾಗ ನಮ್ಮದು. ಅದೇ ವಾರ ಆಯುಧಪೂಜೆಯೂ ಬಂದಿತ್ತು.

ನಮ್ಮ ಬಡಾವಣೆಯ ಸಂಘದವರು ಮನೆ ಮುಂದೆ ಟ್ರೇಲರ್ ನಿಲ್ಲಿಸಲು ಬಿಡುತ್ತಿರಲಿಲ್ಲ. ಹಾಗಾಗಿ ರೇಸ್ ಕಾರನ್ನು ಪಕ್ಕದ ಊರಿನ ಬಾಡಿಗೆ ಶೆಡ್ಡಿನಲ್ಲಿ ಇಟ್ಟಿದ್ದೆವು. ಶನಿವಾರ ಬೆಳಿಗ್ಗೆ ಪೂಜೆ ಅಲ್ಲೇ. ಇಂಡಿಯನ್ ಅಂಗಡಿಯಿಂದ ಬೂದುಗುಂಬಳಕಾಯಿ ತಂದಿದ್ದೆವು. ಇವರ ಸೋದರಮಾವನಿಗೆ ಹುಬ್ಬಳ್ಳಿಯಲ್ಲಿ ಲಾರಿಗಳಿದ್ದವು. ಆಯುಧಪೂಜೆಯ ದಿನ ಅವುಗಳ ಗಾಲಿ ತೊಳೆದು ಎಣ್ಣೆಯ ಬಟ್ಟೆಯಲ್ಲಿ ಒರೆಸುವುದು ಚಿಕ್ಕಂದಿನಲ್ಲಿ ಇವರ ಪಾಲಿನ ಕೆಲಸವಾಗಿತ್ತಂತೆ. ಈಗಲೂ ಅದನ್ನು ಬೇರೆಯವರಿಗೆ ಬಿಟ್ಟುಕೊಡರು. ಸ್ನಾನ ಮಾಡಿ ಪಂಚೆ ಉಟ್ಟು ಬಂದವರು ಕಾರಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಬಟ್ಟೆಯನ್ನು ಕೊಬ್ಬರಿ ಎಣ್ಣೆಯಲ್ಲಿ ಅದ್ದಿ, ನಾಲ್ಕೂ ಟಯರಿನ ಬದಿಗಳನ್ನು ತಿಕ್ಕಿ ತಿಕ್ಕಿ ಒರೆಸಿದರು. ನೆಲಕ್ಕೆ ತಾಗುವ ಭಾಗ ಜಾರೀತೆಂದು ಅದನ್ನು ಮುಟ್ಟಲಿಲ್ಲ, ಅಷ್ಟು ಎಚ್ಚರ ಇತ್ತು. "ನೋಡಿಲ್ಲೆ, ಹೆಂಗ ಮಿಂಚಾಕತ್ತಾವು," ಎಂದು ನನ್ನನ್ನು ಕರೆದು ತೋರಿಸಿದರು. ನಿಜಕ್ಕೂ ಮಿಂಚುತ್ತಿದ್ದವು. ಅರಿಸಿನ ಕುಂಕುಮ ಹಚ್ಚಿ, ಕರ್ಪೂರ ಬೆಳಗಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟೆವು. ಮಗಳು ಕೈ ಮುಗಿದು, ಕಾರಿನೊಳಗೆ ನುಸುಳಿ, ನಿಂಬೆಹಣ್ಣಿನ ಮೇಲೆ ಹರಿಸಿದಳು. ಮೂವರಿಗೂ ನೆಮ್ಮದಿಯಾಯಿತು. ನಿಯಮ ನಮ್ಮ ಮೂವರಲ್ಲಿ ಒಬ್ಬರಿಗೂ ನೆನಪಾಗಲಿಲ್ಲ.

ರೇಸಿನ ದಿನ ಅವಳು ಎರಡನೆಯವಳಾಗಿ ಬಂದಳು. ಕೊನೆಯ ಸುತ್ತುಗಳಲ್ಲಿ ಹಿಂದಿನ ಕಾರು ಮೂತಿ ತೂರಿಸುತ್ತಲೇ ಇತ್ತು, ಇವಳು ಜಾಗ ಬಿಡಲಿಲ್ಲ. ನಾನು ಕುರ್ಚಿ ಬಿಟ್ಟು ಎದ್ದು ನಿಂತಿದ್ದೆ, ಚಿತ್ರಾನ್ನದ ಡಬ್ಬಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಇವರು ಕಣ್ಣೊರೆಸಿಕೊಂಡು ಬೇಲಿಯ ಕಂಬ ತಬ್ಬಿಕೊಂಡರು. ಸಿಕ್ಕಿತು ಜಾಗ ಎಂದುಕೊಂಡೆವು.

ಮೊದಲ ಮೂರು ಕಾರುಗಳು ತಪಾಸಣೆಗೆ ಹೋಗಬೇಕು. ನಾವು ಬೇರೆ ಅಪ್ಪ ಅಮ್ಮಂದಿರ ಜೊತೆ ದೂರ ನಿಂತೆವು. ಬಸ್ಸಿನ ಹೆಂಗಸು ಟಾರ್ಚಿನಂಥ ಒಂದು ಸಣ್ಣ ಯಂತ್ರವನ್ನು ನಮ್ಮ ಕಾರಿನ ಟಯರಿನ ಹತ್ತಿರ ಹಿಡಿದರು. ಅದು ವಾಸನೆ ಹಿಡಿಯುವ ಯಂತ್ರ. ಕೂಗಿಕೊಂಡಿತು. ಮತ್ತೊಂದು ಟಯರಿಗೆ ಹಿಡಿದರು, ಮತ್ತೆ ಕೂಗಿಕೊಂಡಿತು. ಆಕೆ ಮೊಣಕಾಲೂರಿ ಬಗ್ಗಿ, ಮೂಗನ್ನೇ ತಂದು ಮೂಸಿ ನೋಡಿದರು. ಅಷ್ಟರಲ್ಲಿ ಗಾಳಿ ನಮ್ಮ ಕಡೆ ಬೀಸಿ, ಬಿಸಿ ಟಯರಿನ ವಾಸನೆಯ ಜೊತೆ ನಮ್ಮ ಅಡುಗೆಮನೆಯ ವಾಸನೆ ನನ್ನ ಮೂಗಿಗೂ ಬಂತು. ಪಕ್ಕಕ್ಕೆ ತಿರುಗಿ ನೋಡಿದರೆ ಇವರ ಮುಖದಲ್ಲಿ ರಕ್ತವೇ ಇರಲಿಲ್ಲ.

"ಇದಕ್ಕೆ ಏನು ಹಚ್ಚಿದೀಯ ಮಗೂ?" ಎಂದು ಆಕೆ ಇಂಗ್ಲಿಷಿನಲ್ಲಿ ಕೇಳಿದರು.

"ಐ ಡಿಡ್ ಇಟ್! ಇಟ್ಸ್ ಪೂಜಾ! ಓನ್ಲಿ ಪೂಜಾ!" ಎಂದು ಇವರು ಇಲ್ಲಿಂದಲೇ ಕಿರುಚಿದರು. ಆಕೆ ತಿರುಗಿಯೂ ನೋಡದೆ ಅಂಗೈ ಎತ್ತಿದರು.

ಮಗಳು ಹೆಲ್ಮೆಟ್ ಕಂಕುಳಲ್ಲಿ ಹಿಡಿದು ನಿಂತಿದ್ದಳು. ಕೂದಲು ಬೆವರಿಗೆ ಅಂಟಿತ್ತು. ನಮ್ಮ ಕಡೆ ಒಮ್ಮೆ ನೋಡಿದಳು. ಅಪ್ಪ ಮಾಡಿದ್ದು, ನನಗೆ ಗೊತ್ತಿಲ್ಲ ಎಂದು ಅಂದುಬಿಡು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಹಾಗೆಂದಿದ್ದರೆ ಆಕೆ ಕರಗುತ್ತಿದ್ದರೋ ಏನೋ.

"ಕೊಕೊನಟ್ ಆಯಿಲ್," ಎಂದಳು ಮಗಳು. "ಐ ವಾಸ್ ದೇರ್. ಐ ಸಾ ಇಟ್."

ಆಕೆ ಮೊಣಕಾಲು ಕೊಡವಿಕೊಂಡು ಎದ್ದರು. ಅದರಿಂದ ನಿನಗೆ ಲಾಭ ಆಯಿತು ಅಂತ ನಾನು ಹೇಳುತ್ತಿಲ್ಲ, ಆದರೆ ಹಚ್ಚಬಾರದು ಅಂದರೆ ಹಚ್ಚಬಾರದು ಎಂದರು. ಮಗಳು ತಲೆಯಾಡಿಸಿದಳು. ಅಲ್ಲಿಗೆ ಎರಡನೆಯ ಸ್ಥಾನ ಹೋಯಿತು, ಅದರ ಹಿಂದೆ ಆ ಜಾಗವೂ ಹೋಯಿತು. ಇನ್ನೊಂದು ಹುಡುಗಿಯ ಮನೆಯವರು ಕೂಗಿ ಕುಣಿದರು. ಕುಣಿಯಲಿ, ಅವರ ತಪ್ಪೇನಿದೆ.

ತೀರ್ಪು ಕೇಳಿದ ಕೂಡಲೇ ನನಗೆ ಮೊದಲು ಅನಿಸಿದ್ದನ್ನು ಹೇಳಿಬಿಡುತ್ತೇನೆ. ಅಬ್ಬಾ, ಮುಗಿಯಿತು ಅನಿಸಿತು. ಇನ್ನು ಶನಿವಾರ ಮನೆಯಲ್ಲಿ ಮಲಗಬಹುದು ಅನಿಸಿತು. ಆಮೇಲೆ ಮಗಳು ನಮ್ಮ ಕಡೆ ನಡೆದು ಬಂದಳು. ಅವಳ ಮುಖ ನೋಡಿದ ಮೇಲೆ ನನ್ನ ಮೇಲೆ ನನಗೇ ಅಸಹ್ಯವಾಯಿತು.

ಒಂದು ದಿನದಲ್ಲಿ ಕೊಬ್ಬರಿ ಎಣ್ಣೆಯಿಂದ ರಬ್ಬರ್ ಮೆತ್ತಗಾಗುವುದು ಸಾಧ್ಯವೇ ಇಲ್ಲ, ಮೇಲ್ಮನವಿ ಹಾಕೋಣ ಎಂದು ಇವರು ಶುರುಮಾಡಿದರು. "ನೋ," ಎಂದಳು ಮಗಳು. ಒಂದೇ ಮಾತು. ಕಾರನ್ನು ಟ್ರೇಲರಿಗೆ ಅವಳೇ ಹತ್ತಿಸಿದಳು.

ವಾಪಸು ಬರುವಾಗ ಇವರೇ ಟ್ರಕ್ಕು ಓಡಿಸುತ್ತಿದ್ದರು. ಸಂಜೆ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ತೋಟಗಳು ಮುಗಿದು ಬೆಟ್ಟದ ರಸ್ತೆ ಬಂತು. ಕೊನೆಗೆ ನನಗೇ ತಡೆಯಲಾಗಲಿಲ್ಲ.

"ಅಲ್ರೀ, ದಿನಾ ಅದನ್ನೇ ಬಾಯಿಪಾಠ ಒಪ್ಪಿಸ್ತಿದ್ರಲ್ಲ. ಎಣ್ಣೆ ಬಟ್ಟೆ ಕೈಯಲ್ಲಿ ಹಿಡಿದಾಗ ಒಂದು ಸಲಾನೂ ತಲೆಗೆ ಬರಲಿಲ್ವಾ?"

"ಇಲ್ಲ," ಎಂದರು. "ಕಾರಿಗೆ ಏನರ ಹಚ್ಚಾಕತ್ತೀನಿ ಅಂತ ನನಗ ಅನಸಲೇ ಇಲ್ಲ. ಪೂಜಾ ಮಾಡಾಕತ್ತೀನಿ ಅಂತಷ್ಟ ಅನಿಸಿತ್ತು," ಎಂದರು.

ನಾನೂ ಅಲ್ಲೇ ಆರತಿ ತಟ್ಟೆ ಹಿಡಿದು ನಿಂತಿದ್ದೆನಲ್ಲ.

"ನೆಕ್ಸ್ಟ್ ಇಯರ್ ಐ ಆಮ್ ಡೂಯಿಂಗ್ ಇಟ್ ಅಗೇನ್," ಎಂದಳು ಮಗಳು ಹಿಂದಿನ ಸೀಟಿನಿಂದ. ಅದೇ ಡೆವಲಪ್‌ಮೆಂಟ್ ಸೀರೀಸು, ಮೊದಲಿನಿಂದ. ಅವಳ ವಯಸ್ಸಿಗೆ ಅದರಲ್ಲಿ ಓಡಿಸಲು ಇನ್ನೊಂದು ವರ್ಷ ಉಳಿದಿತ್ತು. ನಾನು ಕಣ್ಣು ಮುಚ್ಚಿಕೊಂಡೆ.

"ಅಮ್ಮಾ, ವಿಲ್ ಯೂ ಡೂ ದ ಕಾರ್?"

"ನಾನಾ? ಕಾರು ರಿಪೇರಿ ನಂಗೇನು ಬರುತ್ತೆ? ಅಪ್ಪ ಇದಾರಲ್ಲ," ಎಂದೆ.

"ನಾಟ್ ಅಪ್ಪ."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಗದರಿಸಿ ಸುಮ್ಮನಾಗಿಸಬಹುದಿತ್ತು. ಇವರು ಸ್ಟೀರಿಂಗ್ ಹಿಡಿದ ಕೈ ಬದಲಿಸಲಿಲ್ಲ, ಕತ್ತು ತಿರುಗಿಸಲಿಲ್ಲ. ಘಟ್ಟದ ತುದಿ ದಾಟಿತು. ಇಳಿಜಾರಿನಲ್ಲಿ ಟ್ರೇಲರು ಹಿಂದಿನಿಂದ ನೂಕತೊಡಗಿದಾಗ ಗೇರು ಇಳಿಸಿದರು.

"ಕೇಳಿಲ್ಲೆ," ಎಂದರು ನನಗೆ. "ಎಡಕ್ಕ ತಿರುಗೂ ಕಾರು ಅದು. ಭಾರ ಎಲ್ಲಾ ಬಲಗಡೆ ಬೀಳತೈತಿ. ಅದಕ್ಕ ಬಲಗಡೆ ಗಾಲಿಗೆ ಗಾಳಿ ಜಾಸ್ತಿ, ಎಡಗಡೆ ಕಡಿಮಿ. ಇದನ್ನ ಮೊದಲು ತಲ್ಯಾಗ ಇಟ್ಕೊ."

ನನಗೆ ಕಣ್ಣು ಎಳೆಯುತ್ತಿತ್ತು, ಮೈಯೆಲ್ಲ ನೋಯುತ್ತಿತ್ತು. "ಹೂಂ, ಹೇಳಿ," ಎಂದೆ.

ಅವರು ಹೇಳುತ್ತಾ ಹೋದರು. ಹಿಂದಿನ ಸೀಟಿನಲ್ಲಿ ಮಗಳು ಅಳತೊಡಗಿದ್ದಳು, ಅವತ್ತು ಮೊದಲ ಸಲ. ಅದು ಅವರಿಗೂ ಕೇಳಿಸಿತು. ಆದರೂ ಅವರು, ಮುಂದಿನ ಗಾಲಿಗಳನ್ನು ಹೇಗೆ ನೋಡಬೇಕು, ಹಿಂದಿನವನ್ನು ಹೇಗೆ ನೋಡಬೇಕು ಎಂದು ನನಗೆ ಕಲಿಸುವುದನ್ನು ನಿಲ್ಲಿಸಲಿಲ್ಲ.