ಎದುರು ಗುಡ್ಡದ ಹೊಗೆ

ಬಿಟ್ಟಂಗಾಲದ ಆಚೆ, ಕಾಫಿ ತೋಟದ ನಡುವಿನ ಒಂದು ಚಿಕ್ಕ ಬಾಡಿಗೆ ಮನೆಯಲ್ಲಿ ನಾನು ಒಬ್ಬಳೇ ಇದ್ದೇನೆ. ಒಬ್ಬಳೇ ಇರಬೇಕೆಂದು ಹಟ ಹಿಡಿದೇ ಬಂದವಳು. ಮಡಿಕೇರಿಯಲ್ಲಿ ನಮ್ಮದು ಅರ್ಚಕರ ಮನೆ. ಬೆಳಗಾದರೆ ಗಂಟೆ, ಜನ, ಹಣ್ಣುಕಾಯಿ, ಯಾರದೋ ಜಾತಕ. ಅಲ್ಲಿ ಕೂತು ಕಾದಂಬರಿ ಬರೆಯುವುದು ಆಗದ ಮಾತು. ಅದೂ ಎಂಥ ಕಾದಂಬರಿ? ನೂರೈವತ್ತು ವರ್ಷದ ಹಿಂದೆ ಗಾಡಿ ಕಟ್ಟಿಕೊಂಡು ಅಮೆರಿಕದ ಪಶ್ಚಿಮಕ್ಕೆ ಹೋಗಿ, ಮರವೇ ಇಲ್ಲದ ಹುಲ್ಲುಬಯಲಲ್ಲಿ ಮಣ್ಣಿನ ಹೆಂಟೆ ಪೇರಿಸಿ ಮನೆ ಮಾಡಿಕೊಂಡ ಹೆಂಗಸೊಬ್ಬಳ ಕತೆ. ಅಮೆರಿಕ ನಾನು ಕಂಡಿಲ್ಲ. ಅದನ್ನೇ ಎತ್ತಿ ಆಡುವವರಿಗೆ, ನೋಡಿಯೇ ಬರೆಯಬೇಕೆಂದಿದ್ದರೆ ಸ್ವರ್ಗದ ಬಗ್ಗೆ ಯಾರೂ ಒಂದು ಸಾಲು ಬರೆಯುತ್ತಿರಲಿಲ್ಲ ಎಂದು ಹೇಳಿ ಬಾಯಿ ಮುಚ್ಚಿಸುತ್ತೇನೆ.

ಇಲ್ಲಿ ನನ್ನ ಕೆಲಸ ಯಾರಿಗೂ ತಿಳಿಯಲಿಲ್ಲ. ತೋಟದಲ್ಲಿ ರೈಟರ್ ಎಂದರೆ ಹಾಜರಿ ಬರೆದು ಆಳುಗಳ ಕೆಲಸ ನೋಡಿಕೊಳ್ಳುವವನು. ನಾನು ಬಂದ ಹೊಸತರಲ್ಲಿ, ಕಾಫಿ ಹಣ್ಣು ಕೀಳುವ ಪಿಕಿಂಗಿಗೆ ಬಂದ ಹೆಂಗಸೊಬ್ಬಳು ಬೇಲಿಯಾಚೆಯಿಂದ ಕೇಳಿದಳು.

“ನಿಮ್ದು ಏನು ಕೆಲಸ ಅಕ್ಕಾ?”

“ರೈಟರ್,” ಎಂದೆ, ಸ್ವಲ್ಪ ಜಂಬದಿಂದಲೇ.

“ಯಾವ ಎಸ್ಟೇಟಿಗೆ?”

“ಯಾವ ಎಸ್ಟೇಟಿಗೂ ಅಲ್ಲ.”

“ಅಯ್ಯೋ, ಕೆಲಸದಿಂದ ತೆಗೆದುಬಿಟ್ರಾ?” ಎಂದು ಲೊಚಗುಟ್ಟಿದಳು. ಆ ದಿನವಿಡೀ ನನಗೆ ನಗು. ಪಿಕಿಂಗ್ ಮುಗಿದು ಅವರೆಲ್ಲ ಬೇರೆ ತೋಟಕ್ಕೆ ಹೋದ ಮೇಲೆ, ಆ ಲೊಚಗುಟ್ಟುವಿಕೆಯಾದರೂ ಕೇಳಬಾರದೇ ಅನ್ನಿಸತೊಡಗಿತು. ಮನೆಯಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಹಾಲಿನ ಪ್ಯಾಕೆಟ್ ಗೇಟಿಗೆ ಸಿಕ್ಕಿಸಿ ಹೋಗುವವನ ಮುಖ ನಾನು ಇನ್ನೂ ಸರಿಯಾಗಿ ನೋಡಿಲ್ಲ. ಒಂದು ದಿನ ಬೆಕ್ಕನ್ನು ಓಡಿಸಲು ಬಾಯಿ ತೆರೆದರೆ ಗಂಟಲು ಕಟ್ಟಿತ್ತು. ಮಾತಾಡಿ ಎಷ್ಟು ದಿನವಾಯಿತೋ ನೆನಪಾಗಲಿಲ್ಲ. ಆಗ ನಿಜಕ್ಕೂ ಹೆದರಿಕೆಯಾಯಿತು.

ನನ್ನ ಕತೆಯ ಹೆಂಗಸು ಬೆಳಿಗ್ಗೆ ಎದ್ದವಳೇ ಬಾಗಿಲಿಗೆ ಬಂದು ದೂರ ನೋಡುತ್ತಾಳೆ. ಬಯಲಿನ ಆ ತುದಿಯಲ್ಲಿ ಇನ್ನೊಂದು ಮನೆಯ ಹೊಗೆ ಕಂಡರೆ ಅವಳ ದಿನ ಶುರು. ಅಲ್ಲೊಬ್ಬಳಿದ್ದಾಳೆ, ಬದುಕಿದ್ದಾಳೆ, ಅಷ್ಟು ಸಾಕು. ಇದು ನನ್ನ ಕಲ್ಪನೆಯೇನಲ್ಲ, ಎದುರು ಗುಡ್ಡದಿಂದ ಕದ್ದದ್ದು. ನನ್ನ ಅಂಗಳದ ಕೆಳಗೆ ಗದ್ದೆ, ಗದ್ದೆಯಾಚೆ ಗುಡ್ಡ, ಅಲ್ಲಿ ಸಿಲ್ವರ್ ಓಕ್ ಮರಗಳ ನಡುವೆ ಒಂದು ಹೆಂಚಿನ ಮನೆ. ದಿನಾ ಬೆಳಿಗ್ಗೆ ಅದರ ಬಚ್ಚಲೊಲೆಯ ಹೊಗೆ ಮಂಜಿನ ಜೊತೆ ಬೆರೆತು ಮೇಲೇಳುತ್ತಿತ್ತು. ಹಗ್ಗದ ಮೇಲೆ ಒಂದು ಸೀರೆ ಒಣಗುತ್ತಿತ್ತು, ಯಾವಾಗಲೂ ಒಂದೇ. ಆ ಹೊಗೆ ನೋಡುತ್ತ ಕಾಫಿ ಕುಡಿಯುವುದು ನನಗೆ ಅಭ್ಯಾಸವಾಯಿತು. “ಇವತ್ತು ತಡ ಆಯ್ತಲ್ಲ ನಿಮ್ಗೆ,” ಎಂದು ಗಟ್ಟಿಯಾಗಿ ಮಾತಾಡಿಸಿದ್ದೂ ಉಂಟು. ಎರಡು ಮಳೆಗಾಲ ಹೀಗೇ ಕಳೆಯಿತು. ಎದುರಿಗೊಬ್ಬ ಸ್ನೇಹಿತೆ ಇದ್ದಾಳೆ ಎಂದೇ ನಾನು ನಂಬಿದ್ದೆ.

ಈ ವರ್ಷ ಮಳೆ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಹೊಗೆ ಇಲ್ಲ. ಊರಿಗೆ ಹೋಗಿರಬಹುದು ಎಂದುಕೊಂಡೆ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ಸೀರೆಯೂ ಕಾಣಲಿಲ್ಲ. ಬಚ್ಚಲಲ್ಲಿ ಜಾರಿ ಬಿದ್ದು ಒದ್ದಾಡುತ್ತಿರುವ ಹೆಂಗಸೊಬ್ಬಳು ಕಣ್ಣಿಗೆ ಕಟ್ಟಿದಳು. ಕಾದಂಬರಿಕಾರ್ತಿಯ ತಲೆ ಕೇಳಬೇಕೇ! ಆನೆಯ ಭಯಕ್ಕೆ ಇಷ್ಟು ದಿನ ಇಳಿಯದ ಗದ್ದೆಗೆ ಚಪ್ಪಲಿ ಕೈಯಲ್ಲಿ ಹಿಡಿದು ಇಳಿದೆ. ಗುಡ್ಡ ಹತ್ತುವಾಗ ಏದುಸಿರು, ಬಾಯಲ್ಲಿ ಪ್ರಾರ್ಥನೆ. ಅವರು ಇಲ್ಲದೆ ಹೋದರೆ ನನಗೆ ಯಾರೂ ಇಲ್ಲ ಎಂಬುದು ಆ ಏರಿನಲ್ಲಿ ಸ್ಪಷ್ಟವಾಯಿತು.

ಆ ಮನೆಯಾಕೆ ಅಂಗಳದಲ್ಲಿ ಕೂತು ಕಾಳುಮೆಣಸು ಆರಿಸುತ್ತಿದ್ದರು. ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಸೊಂಟಕ್ಕೆ ಬೆಲ್ಟು. ನನಗೆ ಅಳುವೇ ಬಂತು.

“ಯಾರು? ಗೊತ್ತಾಗ್ಲಿಲ್ಲಲ್ಲ,” ಎಂದರು.

“ಹೊಗೆ ಕಾಣ್ಲಿಲ್ಲ ಮೂರು ದಿನದಿಂದ. ಏನಾಯ್ತೋ ಅಂತ ಬಂದೆ.”

“ಸೊಂಟ ಹಿಡ್ಕೊಂಡಿದೆ, ಸೌದೆ ಹೊರೋಕೆ ಆಗೋದಿಲ್ಲ. ಗ್ಯಾಸ್ ಗೀಸರ್ ಹಾಕ್ಸಿದೆ. ಬಟ್ಟೇನೂ ಒಳಗೇ ಒಣಗಿಸೋದು.” ನನ್ನ ಕೆಸರು ಕಾಲನ್ನು ನೋಡಿದರು. “ನೀವು ಎಲ್ಲಿಂದ?”

ನಾನು ಗದ್ದೆಯಾಚೆ ಕೈ ತೋರಿಸಿದೆ. ಅವರು ಬಹಳ ಹೊತ್ತು ಆ ಕಡೆಗೇ ನೋಡಿದರು.

“ಆ ಮನೇಲಿ ಜನ ಉಂಟಾ? ಬೀಗ ಹಾಕಿದೆ ಅಂದ್ಕೊಂಡಿದ್ದೆ ನಾನು. ಒಲೆಗೆ ಉರಿ ಹಾಕುವಾಗ ದಿನಾ ನೋಡ್ತಿದ್ದೆ, ಯಾರಾದ್ರೂ ಬಂದ್ರಾ ಅಂತ. ಒಂದು ದಿನಾನೂ ಹೊಗೆ ಬರ್ಲಿಲ್ಲ.”

ಬಾಡಿಗೆಗೆ ಬರುವಾಗಲೇ ಗೀಸರ್ ಉಂಟಾ ಎಂದು ಕೇಳಿಕೊಂಡು ಬಂದವಳು ನಾನು. ಅಡುಗೆಯೂ ಗ್ಯಾಸಿನಲ್ಲೇ. ಹಿತ್ತಿಲ ಬಚ್ಚಲಲ್ಲಿ ತಾಮ್ರದ ಹಂಡೆ ಇದೆ, ಅದರಲ್ಲಿ ಹಳೆಯ ಪೇಪರ್ ತುಂಬಿಸಿಟ್ಟಿದ್ದೆ. ಅವರು ಕಾಫಿ ಕೊಟ್ಟರು, ಆಗಾಗ ಬನ್ನಿ ಎಂದರು. ನಾನು ಕತ್ತಲಾಗುವ ಮೊದಲೇ ಹೊರಟೆ.

ಅದೇ ವಾರ ಆನೆಗಳು ಗದ್ದೆಗಿಳಿದವು. ಈ ಕಡೆಯವರು ಆ ಕಡೆ ದಾಟಬೇಡಿ ಎಂದು ಅರಣ್ಯದವರು ಜೀಪಿನಲ್ಲಿ ಕೂಗಿ ಹೋದರು. ಅವು ಇನ್ನೂ ಹೋಗಿಲ್ಲ.

ನಾನು ಹಂಡೆಯಿಂದ ಪೇಪರ್ ತೆಗೆದು, ತೊಳೆದು, ನೀರು ತುಂಬಿಸಿದ್ದೇನೆ. ಕಾಫಿ ಗಿಡದ ಹಸಿ ಸೌದೆ, ಊದಿ ಊದಿ ಕಣ್ಣೆಲ್ಲ ಕೆಂಪು. ಉರಿಗಿಂತ ಹೊಗೆಯೇ ಹೆಚ್ಚು, ನನಗೆ ಬೇಕಾದದ್ದೂ ಅದೇ. ಆಮೇಲೆ ಅಂಗಳಕ್ಕೆ ಬಂದು ಎದುರು ಗುಡ್ಡ ನೋಡುತ್ತೇನೆ. ಅಲ್ಲಿ ಈಗ ಗ್ಯಾಸು, ಹೊಗೆ ಬರುವುದಿಲ್ಲ. ಅವರು ನನ್ನದನ್ನು ನೋಡಿದರೋ ಇಲ್ಲವೋ ತಿಳಿಯುವ ದಾರಿಯಿಲ್ಲ. ಸ್ನಾನಕ್ಕೆ ಗೀಸರ್ ನೀರೇ ಸಾಕು. ಆದರೂ ದಿನಾ ಬೆಳಿಗ್ಗೆ ಎದ್ದು ಬಚ್ಚಲೊಲೆಗೆ ಉರಿ ಹಾಕುತ್ತೇನೆ.